ಸುದ್ದಿಯವನು ಕಂಡಷ್ಟು

"ಗುರುಗಳೇ, ಒಂದು ಕ್ರಿಯಾಪದಕ್ಕೆ ಇಷ್ಟೊಂದು ರೂಪಗಳು ಯಾಕೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಅಡವೆಯ್ಯ. ಚುರುಕು ಬುದ್ಧಿಯವನು, ಆದರೆ ತಾಳ್ಮೆ ಕಡಿಮೆ. ಬೆಳಗಿನಿಂದ ಕ್ರಿಯಾಪದಗಳನ್ನು ಉರುಹೊಡೆದು ಅವನ ತಲೆ ಚಿಟ್ಟು ಹಿಡಿದಿತ್ತು. ಮಾಡಿದ, ಮಾಡುತ್ತಾನೆ, ಮಾಡುವನು, ಇವು ಮೂರು ಕಾಲಗಳು, ಸರಿ. ಮಾಡುತ್ತಿದ್ದ ಎಂಬುದೊಂದು ಬೇರೆ, ಮಾಡಿದ್ದ ಎಂಬುದು ಇನ್ನೊಂದು. ಅದೂ ಸಾಲದೆ ಮಾಡಲಿ, ಮಾಡಿಯಾನು, ಮಾಡನು. ಆದದ್ದು, ಆಗುತ್ತಿರುವುದು, ಆಗಲಿರುವುದು ಎಂದು ಮೂರಿದ್ದರೆ ಲೋಕ ನಡೆಯುತ್ತದೆ, ಉಳಿದದ್ದೆಲ್ಲ ಪಂಡಿತರು ಹೊಟ್ಟೆಪಾಡಿಗೆ ಮಾಡಿಕೊಂಡದ್ದು ಎಂಬುದು ಅವನ ವಾದ. ಮುಂದಿನ ವರ್ಷ ಸಣ್ಣ ಮಕ್ಕಳಿಗೆ ಪಾಠ ಹೇಳುವ ಕೆಲಸ ಅವನ ಪಾಲಿಗೆ ಬರುವುದಿತ್ತು. ಆಗ ಈ ರೂಪಗಳ ಪುಟಗಳನ್ನು ಬಿಟ್ಟುಬಿಡುತ್ತೇನೆ ಎಂದೂ ಹೇಳಿದ.

ಗುರುಗಳು ಸಿಟ್ಟಾಗಲಿಲ್ಲ, ನಕ್ಕರು. ಪಂಡಿತರ ಹೊಟ್ಟೆಯ ಮೇಲೆ ನಿನಗೆ ಯಾಕಯ್ಯ ಕಣ್ಣು ಎಂದರು. ಕೂತುಕೋ, ಅಕ್ಷರವೇ ಬಾರದ ಒಬ್ಬನ ಕತೆ ಹೇಳುತ್ತೇನೆ, ವ್ಯಾಕರಣವೆಂದರೆ ತಿನ್ನುವುದೋ ಉಡುವುದೋ ಅವನಿಗೆ ಗೊತ್ತಿರಲಿಲ್ಲ ಎಂದು ಶುರುಮಾಡಿದರು.

ಬಯಲುಸೀಮೆಯ ಒಂದು ಊರು. ಅಲ್ಲಿಯ ಜನ ಎತ್ತುಗಳ ಮೇಲೆ ಜೋಳ ಹೇರಿಕೊಂಡು ಘಟ್ಟ ಇಳಿದು ಕಡಲ ತೀರಕ್ಕೆ ಹೋಗುತ್ತಿದ್ದರು. ಅಲ್ಲಿಂದ ಉಪ್ಪು ಹೇರಿಕೊಂಡು ಮರಳುತ್ತಿದ್ದರು. ಹೋಗಿಬರಲು ಎರಡು ತಿಂಗಳು. ಹನ್ನೆರಡು ಜನರ ತಂಡ, ಅವರಲ್ಲೇ ಒಬ್ಬ ಯಜಮಾನ. ಆ ಎರಡು ತಿಂಗಳು ಊರಿನವರಿಗೆ ಅವರ ಸುದ್ದಿ ತಿಳಿಯುವ ದಾರಿ ಇರಲಿಲ್ಲ. ದಾರಿಯಲ್ಲಿ ಹುಲಿ ಇತ್ತು, ಜ್ವರ ಇತ್ತು, ಹೊಳೆ ಇತ್ತು. ಹೋದವರೆಲ್ಲ ಮರಳುತ್ತಾರೆ ಎಂಬ ಖಾತ್ರಿ ಯಾರಿಗೂ ಇರಲಿಲ್ಲ.

ಅದಕ್ಕೆ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಊರು ಮೂರು ದಿನದ ನಡಿಗೆಯಷ್ಟು ದೂರ ಇರುವಾಗ ತಂಡದವನೊಬ್ಬ ಹೇರು ಇಲ್ಲದೆ ಬರಿಗೈಯಲ್ಲಿ ಮುಂದೆ ಬರುತ್ತಿದ್ದ. ಅವನನ್ನು ಸುದ್ದಿಯವನು ಎನ್ನುತ್ತಿದ್ದರು. ಅವನು ಮನೆಮನೆಗೂ ಹೋಗಬೇಕು, ಹೊಸ್ತಿಲ ಹೊರಗೆ ನಿಲ್ಲಬೇಕು, ಆ ಮನೆಯವನ ಸುದ್ದಿ ಹೇಳಬೇಕು. ಎಲ್ಲ ಮನೆಗಳಿಗೂ ಹೇಳಿ ಮುಗಿಸುವ ತನಕ ಕೂರುವಂತಿಲ್ಲ, ಒಂದು ಗುಟುಕು ನೀರು ಕುಡಿಯುವಂತಿಲ್ಲ.

ಹೇಳುವುದಕ್ಕೂ ಕಟ್ಟಳೆ ಇತ್ತು. ಮುಗಿದದ್ದನ್ನು ಕಣ್ಣಾರೆ ಕಂಡಿದ್ದರೆ ಮುಗಿದ ಹಾಗೆ ಹೇಳಬೇಕು. ಜ್ವರ ಬಂತು, ಬಿಟ್ಟಿತು, ಹೀಗೆ. ತಾನು ಹೊರಟಾಗ ಅದಿನ್ನೂ ನಡೆದಿದ್ದರೆ ನಡೆಯುತ್ತಿತ್ತು ಎಂದು ಅಲ್ಲಿಗೇ ನಿಲ್ಲಿಸಬೇಕು. ತನ್ನ ಕಡೆಯಿಂದ ಒಂದು ಮುಕ್ತಾಯ ಸೇರಿಸುವಂತಿಲ್ಲ. ಮುಂದಿನದನ್ನು ಯಾರಾದರೂ ಕೇಳಿದರೆ ಆದೀತು, ಬಂದಾನು ಎನ್ನಬಹುದು, ಆಗುತ್ತದೆ, ಬರುತ್ತಾನೆ ಎಂದು ಆಣೆ ಮಾಡಿದಂತೆ ಹೇಳಬಾರದು. ಇನ್ನು ಆಗಲಿ, ಬರಲಿ ಎಂಬುದು ಇದೆಯಲ್ಲ, ಅದು ಸುದ್ದಿಯವನ ಸೊತ್ತೇ ಅಲ್ಲ. ಅದು ಮನೆಯವರದು. ಅವನು ಹೇಳಿ ಮುಗಿಸಿದ ಮೇಲೆ ಹೊಸ್ತಿಲ ಒಳಗಿನಿಂದ ಅವರು ಹೇಳಬೇಕು.

ನೋಡಯ್ಯ ಅಡವೆಯ್ಯ, ಎಂಥ ಜನ! ನಾವು ವರ್ಷಗಟ್ಟಲೆ ಮಣೆ ಸವೆಸಿ ಕಲಿಯುವುದನ್ನು ಅವರು ಎತ್ತಿನ ಹಿಂದೆ ನಡೆಯುತ್ತ ಕಲಿತಿದ್ದರು. ಕಲಿತದ್ದಷ್ಟೇ ಅಲ್ಲ, ಅದರಂತೆ ಬದುಕುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಸುದ್ದಿಯವನ ಮಾತಿಗೆ ಊರಿನಲ್ಲಿ ಅಷ್ಟು ತೂಕ ಇತ್ತು. ದಾರಿಯಲ್ಲಿ ಯಾರಾದರೂ ತೀರಿಕೊಂಡರೆ, ಸತ್ತ ಎಂದು ಅವನು ಹೊಸ್ತಿಲಲ್ಲಿ ನಿಂತು ಹೇಳಿದ ಮೇಲೆಯೇ ಹೆಂಡತಿಯ ಬಳೆ ಒಡೆಯುತ್ತಿದ್ದರು, ಹನ್ನೊಂದನೆಯ ದಿನದ ಕಾರ್ಯ ಮಾಡುತ್ತಿದ್ದರು. ಅವನು ಹೇಳದೆ ಯಾರೂ ಹೆಣ್ಣಿನ ಕೈ ಮುಟ್ಟುವಂತಿರಲಿಲ್ಲ.

ಒಂದು ವರ್ಷ ಮಳೆ ಬೇಗ ಹಿಡಿಯಿತು. ಉಪ್ಪಿನ ಹೇರಿಗೂ ಮಳೆಗೂ ಆಗಿಬರುವುದಿಲ್ಲ, ನಿನಗೆ ಗೊತ್ತೇ ಇದೆ. ತಂಡ ಘಟ್ಟ ಹತ್ತಿ, ಊರಿಗೆ ಮೂರು ದಿನದ ದಾರಿ ಉಳಿದಿದ್ದ ಹೊಳೆಯ ದಂಡೆಗೆ ಬರುವಷ್ಟರಲ್ಲಿ ನೀರು ಏರತೊಡಗಿತ್ತು. ಇವತ್ತು ಬಿಟ್ಟರೆ ಇನ್ನು ಹತ್ತು ದಿನ ದಾಟಲಾಗುವುದಿಲ್ಲ ಎಂದು ಯಜಮಾನ ಕೂಡಲೇ ಹೇರುಗಳನ್ನು ಎತ್ತರಕ್ಕೆ ಕಟ್ಟಿಸಿ ಎತ್ತುಗಳನ್ನು ನೀರಿಗೆ ಇಳಿಸಿದ. ಹನ್ನೊಂದು ಜನ ದಾಟಿದರು. ಕೊನೆಯವನು ಇಪ್ಪತ್ತೆರಡು ವರ್ಷದ ಯುವಕ. ತಂದೆ ಇಲ್ಲದವನು, ತಾಯಿಗೆ ಒಬ್ಬನೇ ಮಗ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅವನು ಕೊನೆಯ ಎತ್ತಿನ ಬಾಲ ಹಿಡಿದು ನೀರಿಗೆ ಇಳಿದ. ಹೊಳೆಯ ನಡುವೆ ಇದ್ದಾಗ ಮೇಲಿನಿಂದ ಒಂದು ಮರದ ದಿಮ್ಮಿ ತೇಲಿಬಂತು. ದಿಮ್ಮಿ ದಾಟಿಹೋದ ಮೇಲೆ ನೋಡಿದರೆ ಎತ್ತು ಇತ್ತು, ಯುವಕ ಕಾಣಲಿಲ್ಲ. ಎತ್ತು ತಾನಾಗಿ ದಡಕ್ಕೆ ಬಂತು. ಎಲ್ಲರೂ ಕೂಗಿದರು. ದಂಡೆಯ ಗುಂಟ ಅರ್ಧ ಹರಿದಾರಿ ಹುಡುಕಿದರು. ಅಷ್ಟರಲ್ಲಿ ಮಳೆ ಜೋರಾಯಿತು, ಗೋಣಿಗಳಿಂದ ಉಪ್ಪುನೀರು ಸೋರತೊಡಗಿತು. ಹನ್ನೆರಡು ಮನೆಯವರ ಎರಡು ತಿಂಗಳ ದುಡಿಮೆ ಅದು. ಯಜಮಾನ ಹೊರಡಿ ಎಂದ.

ಆ ವರ್ಷದ ಸುದ್ದಿಯವನು ನಡುವಯಸ್ಸಿನವನು. ಮಾತು ಕಡಿಮೆ. ಆ ಯುವಕನ ತಂದೆಯ ಜೊತೆ ಇದೇ ದಾರಿಯಲ್ಲಿ ವರ್ಷಗಟ್ಟಲೆ ನಡೆದವನು. ಯಜಮಾನ ಅವನನ್ನು ಪಕ್ಕಕ್ಕೆ ಕರೆದು, ಆ ಮನೆಯಲ್ಲಿ ಸತ್ತ ಎಂದು ಹೇಳಿಬಿಡು ಎಂದ. ಈ ನೀರಿಗೆ ಸಿಕ್ಕವನು ಬದುಕುವುದುಂಟೇ, ಆ ಹೆಂಗಸರನ್ನು ಸುಮ್ಮನೆ ತೂಗುಹಾಕಬೇಡ, ಅತ್ತು ಹಗುರವಾಗಲಿ ಎಂದ. ಸುದ್ದಿಯವನು ಹೊಳೆಯ ಕಡೆಗೊಮ್ಮೆ ತಿರುಗಿ ನೋಡಿದ. ಹೊರಟ.

ಯಜಮಾನ ಕೆಟ್ಟವನು ಎಂದುಕೊಳ್ಳಬೇಡ. ಅವನ ಮಾತಿನಲ್ಲಿ ಕರುಣೆ ಇತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದು ಅವನಿಗೇ ಪೂರಾ ತಿಳಿದಿರಲಿಲ್ಲ. ಯುವಕ ಸತ್ತಿದ್ದರೆ ಯಜಮಾನ ಯಾರನ್ನೂ ಬಿಟ್ಟುಬಂದಂತಾಗುವುದಿಲ್ಲ. ಬದುಕಿದ್ದರೆ ಉಪ್ಪಿಗಾಗಿ ಜೀವ ಇರುವವನನ್ನು ಬಿಟ್ಟುಬಂದಂತೆ. ಆ ಹೆಂಗಸರಿಗಿಂತ ಹೆಚ್ಚಾಗಿ ಸತ್ತ ಎಂಬ ಮಾತು ಅವನಿಗೆ ಬೇಕಾಗಿತ್ತು.

ಮೂರು ದಿನ ಸುದ್ದಿಯವನು ಮಳೆಯಲ್ಲಿ ನೆನೆಯುತ್ತ ನಡೆದ. ಊರಿಗೆ ಬಂದು ಹತ್ತು ಮನೆಗಳ ಸುದ್ದಿ ಹೇಳಿ ಕೊನೆಗೆ ಆ ಮನೆಯ ಹೊಸ್ತಿಲಲ್ಲಿ ನಿಂತ. ತಾಯಿ ಬಾಗಿಲಿಗೆ ಬಂದಳು. ಸೊಸೆ ಕದದ ಹಿಂದೆ ನಿಂತಳು. ಮಗನಿಗೆ ಇಷ್ಟ ಎಂದು ತಾಯಿ ಶೇಂಗಾ ಹುರಿದಿಟ್ಟಿದ್ದಳು, ಆ ವಾಸನೆ ಹೊರಗೂ ಬರುತ್ತಿತ್ತು. ಸತ್ತ ಎನ್ನುವುದು ಸುಲಭವಿತ್ತು. ಹಿಂದೆ ಬರುತ್ತಿದ್ದಾನೆ ಎಂದು ಸುಳ್ಳು ಹೇಳಿ ಹೊರಟುಹೋಗುವುದು ಇನ್ನೂ ಸುಲಭವಿತ್ತು. ಎರಡನ್ನೂ ಕರುಣೆ ಎಂದೇ ಕರೆಯಬಹುದಿತ್ತು.

ಸುದ್ದಿಯವನು ಹೇಳಿದ: "ಹೊಳೆಗೆ ಇಳಿದ. ಎತ್ತಿನ ಬಾಲ ಹಿಡಿದಿದ್ದ. ದಾಟುತ್ತಿದ್ದ. ನಡುವೆ ದಿಮ್ಮಿ ಬಂತು. ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ."

ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೋದನೇನಪ್ಪ?" ಎಂದಳು.

"ಹೋದದ್ದನ್ನು ನಾನು ನೋಡಿಲ್ಲವ್ವ. ಬಂದಾನು. ಬಾರದೆಯೂ ಹೋದಾನು."

ತಾಯಿ ಅಲ್ಲೇ ಕುಸಿದು ಕೂತಳು. ಆ ಮನೆಯಿಂದ ಹೇಳಬೇಕಾದ ಮಾತನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸುದ್ದಿಯವನು ಹಾಗೇ ನಿಂತಿದ್ದ.

ಊರಿನವರು ನೆರೆದರು. ಹಿರಿಯರು ಬಂದರು. ಯಜಮಾನ ಏನು ಹೇಳಿ ಕಳಿಸಿದ ಎಂದು ಕೇಳಿದರು. ಸತ್ತ ಎಂದು ಹೇಳು ಅಂದ ಎಂದು ಸುದ್ದಿಯವನು ಮುಚ್ಚಿಡದೆ ಹೇಳಿದ. ಮತ್ತೆ ಹೇಳಲಿಕ್ಕೆ ನಿನಗೇನು ಧಾಡಿ ಎಂದು ಹಿರಿಯರು ರೇಗಿದರು. ಹತ್ತು ಜನ ಒಪ್ಪಿದ್ದನ್ನು ಇವನೊಬ್ಬ ಒಪ್ಪುವುದಿಲ್ಲವಂತೆ ಎಂದು ಕೆಲವರು ಹಂಗಿಸಿದರು. ಮುಂದಿನ ವರ್ಷದಿಂದ ತಂಡದಲ್ಲಿ ನಿನಗೆ ಜಾಗ ಇಲ್ಲ ಎಂದರು. ಅದಕ್ಕೆಲ್ಲ ಅವನು ಅಲುಗಲಿಲ್ಲ. ಆದರೆ ಕೊನೆಗೆ ಒಬ್ಬ ಮುದುಕಿ ಬಂದು ಮೆಲ್ಲಗೆ ಕೇಳಿದಳು. ಈ ಹುಡುಗಿ ಇನ್ನು ಯಾವ ಲೆಕ್ಕದಲ್ಲಿ ಬದುಕಬೇಕಪ್ಪ, ಮುತ್ತೈದೆ ಎಂದೋ ವಿಧವೆ ಎಂದೋ, ಒಂದು ಹೇಳಿ ಪುಣ್ಯ ಕಟ್ಟಿಕೋ ಎಂದಳು. ಆಗ ಅವನ ಕಣ್ಣಲ್ಲಿ ನೀರು ಬಂತು. ಸತ್ತದ್ದನ್ನು ಕಂಡಿದ್ದರೆ ಸತ್ತ ಎನ್ನುತ್ತಿದ್ದೆ ತಾಯಿ ಎಂದ. ಅಷ್ಟೇ. ಮೂರು ದಿನ ನಡೆದು ಬಂದವನು, ಗಂಟಲು ಒಣಗಿತ್ತು, ಯಾರೂ ನೀರು ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಎಂಥ ಗಟ್ಟಿ ಮನುಷ್ಯ ನೋಡು. ನಾನಾಗಿದ್ದರೆ ಆ ಮುದುಕಿಯ ಮಾತಿಗೆ ಕರಗಿಬಿಡುತ್ತಿದ್ದೆ.

ಅಷ್ಟು ಹೊತ್ತು ಸೊಸೆ ಕದದ ಹಿಂದೆ ಎಲ್ಲವನ್ನೂ ಕೇಳುತ್ತಿದ್ದಳು. ಆ ಊರಿಗೆ ಬಂದ ಮೇಲೆ ಹಿರಿಯರ ಎದುರು ಅವಳು ತಲೆ ಎತ್ತಿರಲಿಲ್ಲ. ಈಗ ಈಚೆ ಬಂದಳು. ಅತ್ತೆಯ ಪಕ್ಕದಲ್ಲಿ, ಹೊಸ್ತಿಲ ಒಳಗೆ ನಿಂತು, "ಬರಲಿ" ಎಂದಳು. ಆಮೇಲೆ ಹೊಸ್ತಿಲು ದಾಟಿ ಸುದ್ದಿಯವನ ಹತ್ತಿರ ಬಂದು, "ಮಾವ, ನೀವು ಎಲ್ಲಿಯ ತನಕ ಕಂಡಿರೋ ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗಿ. ಮುಂದಿನದನ್ನು ನಾನು ನೋಡುತ್ತೇನೆ" ಎಂದಳು.

ಸುದ್ದಿಯವನು ಆಗ ಅವಳ ಕೈಯಿಂದಲೇ ನೀರು ಇಸಿದುಕೊಂಡು ಕುಡಿದ. ತನ್ನ ಮನೆಗೂ ಹೋಗದೆ ಅವಳ ಜೊತೆ ಬಂದ ದಾರಿಗೇ ತಿರುಗಿದ.

ದಾರಿಯಲ್ಲಿ ತಂಡ ಎದುರಾಯಿತು. ಹುಚ್ಚು ಸಾಹಸ ಬೇಡ, ಹಿಂದಿರುಗು ಎಂದು ಯಜಮಾನ ಅವಳಿಗೆ ಹೇಳಿದ. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ತಲೆ ತಗ್ಗಿಸಿ ದಾರಿ ಬಿಟ್ಟ.

ಅವರು ಹೊಳೆಗೆ ಬರುವಷ್ಟರಲ್ಲಿ ನೀರು ಇಳಿದಿತ್ತು. ಇಲ್ಲಿ ಇಳಿದ, ಅಲ್ಲಿ ಇದ್ದ, ಅಲ್ಲಿಗೆ ದಿಮ್ಮಿ ಬಂತು ಎಂದು ಸುದ್ದಿಯವನು ಬೆರಳು ಮಾಡಿ ತೋರಿಸಿದ. ಇಬ್ಬರೂ ದಂಡೆ ಹಿಡಿದು ಕೆಳಮುಖವಾಗಿ ನಡೆದರು. ಒಂದು ದಿನ ಏನೂ ಸಿಗಲಿಲ್ಲ. ಎರಡನೆಯ ದಿನವೂ ಸಿಗಲಿಲ್ಲ. ಅವಳ ಕಾಲು ಒಡೆದು ರಕ್ತ ಬಂತು. ಸುದ್ದಿಯವನಿಗೂ ಮನಸ್ಸು ಸೋಲತೊಡಗಿತ್ತು, ತಾನು ಈ ಹೆಣ್ಣಿಗೆ ಅನ್ಯಾಯ ಮಾಡಿದೆನೇ ಎಂದು ಒಳಗೊಳಗೇ ಬೇಯುತ್ತಿದ್ದ. ಮೂರನೆಯ ದಿನ ಆಚೆ ದಡದಲ್ಲಿ ನಾಲ್ಕು ಗುಡಿಸಲು ಕಂಡವು. ಮೀನು ಹಿಡಿಯುವವರ ಕೇರಿ. ತೆಪ್ಪದವನನ್ನು ಕೂಗಿ ಕರೆದು ಕೇಳಿದರು. ಒಬ್ಬ ಇದ್ದಾನೆ ಎಂದು ಅವನು ಹೇಳಿದ.

ಮರದ ಬೇರಿಗೆ ಸಿಕ್ಕಿಕೊಂಡಿದ್ದ ಯುವಕನನ್ನು ಆ ಕೇರಿಯ ಮುದುಕನೊಬ್ಬ ಎಳೆದು ತಂದಿದ್ದ. ಕಾಲು ಮುರಿದಿತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಯಾವ ಊರು, ಯಾರ ಮಗ ಎಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಾಯಿಗೆ ಹಾಕಿದ್ದು ಒಳಗೆ ಹೋಗುತ್ತಿರಲಿಲ್ಲ, ಇನ್ನು ಎರಡು ದಿನ ಉಳಿದರೆ ಹೆಚ್ಚು ಎಂದು ಕೇರಿಯವರು ಕೈಚೆಲ್ಲಿದ್ದರು. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸರು ಹಿಡಿದು ಕರೆದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಕಣ್ಣು ತೆರೆದ. ಸಂಜೆಯ ಹೊತ್ತಿಗೆ ಎರಡು ಗುಟುಕು ಗಂಜಿ ಕುಡಿದ.

ಒಂದು ತಿಂಗಳು ಬಿಟ್ಟು ಅವನನ್ನು ಡೋಲಿಯಲ್ಲಿ ಊರಿಗೆ ತಂದರು. ಕಾಲು ನೆಟ್ಟಗಾಗಲಿಲ್ಲ, ಬದುಕಿರುವ ತನಕ ಎಳೆದುಕೊಂಡೇ ನಡೆದ. ಯಜಮಾನ ಸುದ್ದಿಯವನ ಮನೆಗೆ ಬಂದು, ಕಾಣದ್ದನ್ನು ಕಂಡವನ ಹಾಗೆ ಹೇಳಿದೆನಲ್ಲ ಎಂದು ಅತ್ತ. ಇನ್ನು ಮುಂದೆ ತಂಡವನ್ನು ನೀನೇ ನಡೆಸು ಎಂದ. ಸುದ್ದಿಯವನು ಒಪ್ಪಲಿಲ್ಲ. ಯಜಮಾನಿಕೆ ಯಾರು ಬೇಕಾದರೂ ಮಾಡಿಯಾರು, ನನಗೆ ನನ್ನ ಕೆಲಸ ಇರಲಿ ಎಂದ. ಹಾಗೆ ಅವನು ಮತ್ತೆ ಹದಿನೇಳು ವರ್ಷ ಎಲ್ಲರಿಗಿಂತ ಮುಂದೆ ಬರಿಗೈಯಲ್ಲಿ ನಡೆದುಬಂದ.

ಗುರುಗಳು ಕತೆ ನಿಲ್ಲಿಸಿದರು. ಸೋಲೊಪ್ಪಲು ಅಡವೆಯ್ಯನಿಗೆ ಇಷ್ಟವಿರಲಿಲ್ಲ. ಆ ಯುವಕ ಬದುಕಿದ್ದದ್ದು ಅದೃಷ್ಟ, ಹೆಣ ಸಿಕ್ಕಿದ್ದರೆ ಆಗ ಏನು ಹೇಳುತ್ತಿದ್ದಿರಿ ಎಂದು ಕೇಳಿದ. ಹೆಣ ಸಿಕ್ಕಿದ್ದರೂ ಸುದ್ದಿಯವನು ಹೇಳಿದ್ದು ಅಷ್ಟೇ ನಿಜವಾಗಿರುತ್ತಿತ್ತು, ಅವಳು ಕಂಡು ಅಳುತ್ತಿದ್ದಳು, ಕಾಣದೆ ಅಲ್ಲ ಎಂದು ಗುರುಗಳು ಹೇಳಿದರು.

ಅಡವೆಯ್ಯ ಆದರೂ ಬಿಡಲಿಲ್ಲ. "ಇರಬಹುದು ಗುರುಗಳೇ. ಆದರೆ ಅದು ಯಾವುದೋ ಕಾಲದ ಯಾರದೋ ಕತೆ. ನಾಲ್ಕು ರೂಪ ಬಿಟ್ಟು ಪಾಠ ಹೇಳಿದರೆ ಇವತ್ತು ಯಾರಿಗೆ ಏನು ನಷ್ಟ?"

ಗುರುಗಳು ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು ಎದ್ದರು.

"ಆ ಕಾಲು ಮುರಿದವನ ಮಗ ನಾನು, ಅಡವೆಯ್ಯ, ಅವತ್ತು ಸುದ್ದಿಯವನು ಸತ್ತ ಎಂದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ."

ಅಡವೆಯ್ಯ ಬಿಟ್ಟುಬಿಡುತ್ತೇನೆ ಎಂದಿದ್ದ ಪುಟಗಳನ್ನು ಮತ್ತೆ ತೆರೆದ.