ಓಗುಡ್ಡಕ್ಕೆ ಆ ಹೆಸರು ಬಂದದ್ದು

ಕರೇಮಟ್ಟಿಯ ಊರಬಾಗಿಲಲ್ಲಿ ನಿಂತು ಮೂಡಲಿಗೆ ನೋಡಿದರೆ ಬೋಳು ಬಂಡೆಗಳ ಒಂದು ಗುಡ್ಡ ಕಾಣುತ್ತದೆ. ಬುಡದಲ್ಲಿ ಕಾರೆಮುಳ್ಳಿನ ಪೊದೆಗಳು, ನೆತ್ತಿಯಲ್ಲಿ ಒಕ್ಕಲು ಕಣದಷ್ಟು ಅಗಲದ ಹಾಸುಬಂಡೆ. ಹೊರಗಿನವರು ಇದನ್ನು ಹೂಗುಡ್ಡವೆಂದು ತಿಳಿದು ಹೂವು ಹುಡುಕಿಕೊಂಡು ಬಂದು ಬರಿಗೈಯಲ್ಲಿ ಮರಳುವುದುಂಟು. ಊರವರು ಹೇಳುವುದು ಓಗುಡ್ಡ ಎಂದು. ಓಗೊಟ್ಟ ಗುಡ್ಡವೇ ಜನರ ಬಾಯಲ್ಲಿ ಸವೆದು ಓಗುಡ್ಡವಾಯಿತು ಎನ್ನುತ್ತಾರೆ. ನನ್ನ ಸೋದರತ್ತೆ ಹೇಳುತ್ತಿದ್ದ ಬಗೆಯಲ್ಲೇ ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದ ಒಂದು ಬೇಸಿಗೆಯಲ್ಲಿ, ಕರೇಮಟ್ಟಿಗೆ ದೊಡ್ಡ ಬೇನೆ ಬಂದಿತು. ಮೈ ಕೆಂಡದಂತೆ ಸುಟ್ಟು, ನಾಲಿಗೆ ಒಣಗಿ, ಮನುಷ್ಯರು ಕೂತಲ್ಲೇ ಕುಸಿಯುತ್ತಿದ್ದರು. ಜನ ಊರು ಬಿಟ್ಟು ಗುಡ್ಡದ ಸುತ್ತಣ ಹೊಲಗಳಲ್ಲಿ ದೂರದೂರಕ್ಕೆ ಗುಡಿಸಲು ಹಾಕಿಕೊಂಡರು. ಪ್ರತಿ ಗುಡಿಸಲಿನ ಸುತ್ತ ಮುಳ್ಳಿನ ಬೇಲಿ; ಒಬ್ಬರ ಬೇಲಿಯ ಹತ್ತಿರ ಇನ್ನೊಬ್ಬರು ಸುಳಿಯುವಂತಿಲ್ಲ. ಅದರ ಮೇಲೆ ಇನ್ನೊಂದು ದಿಗಿಲಿತ್ತು. ಮಾರಿ ಬೆಳಗಿನ ಜಾವ ಗುರುತಿನವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳೆ, ಓ ಎಂದವರನ್ನು ಕರೆದೊಯ್ಯುತ್ತಾಳೆ ಎಂದು ಎಲ್ಲರೂ ನಂಬಿದ್ದರು. ಹೀಗಾಗಿ ಯಾರು ಕರೆದರೂ ಯಾರೂ ಓಗೊಡುತ್ತಿರಲಿಲ್ಲ. ಮಕ್ಕಳು ಅವ್ವಾ ಎಂದರೂ ತಾಯಂದಿರು ಒಂದು ಗಳಿಗೆ ತಡೆದು, ತಿರುಗಿ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದರಂತೆ.

ಊರಿನ ಸೂಲಗಿತ್ತಿ ಬೊಮ್ಮವ್ವನೆಂಬ ವಿಧವೆ. ಅಲ್ಲಿನ ಅರ್ಧ ಊರು ಅವಳ ಕೈಗೇ ಹುಟ್ಟಿದ್ದು. ಒಂದು ದಿನ ಅವಳು ಕಣಿವೆಯ ಕಡೆ ಸೊಪ್ಪು ಕೀಳಲು ಹೋದಾಗ ಒಂದು ಗುಡಿಸಲಿನಲ್ಲಿ ಗಂಡ, ಹೆಂಡತಿ ಇಬ್ಬರೂ ಸತ್ತುಬಿದ್ದಿರುವುದನ್ನು ಕಂಡಳು. ಹೆಂಡತಿಯ ಕೈ ಖಾಲಿ ಗಡಿಗೆಯೊಳಗಿತ್ತು. ಬೇನೆ ಕೊಂದದ್ದಕ್ಕಿಂತ ಬಾಯಾರಿಕೆ ಕೊಂದದ್ದೇ ಹೆಚ್ಚೆಂದು ಬೊಮ್ಮವ್ವನಿಗೆ ಅನ್ನಿಸಿತು. ಅವಳು ಅಂದೇ ಬೇಲಿಯಿಂದ ಬೇಲಿಗೆ ನಡೆದು, ಹೊರಗೆ ನಿಂತೇ ಹೇಳುತ್ತ ಬಂದಳು: ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಒಂದೊಂದೇ ಮನೆಯನ್ನು ಕೂಗುತ್ತೇನೆ, ಇದ್ದವರು ಓ ಎನ್ನಿ, ಯಾವ ಮನೆಯಿಂದ ಓ ಬರುವುದಿಲ್ಲವೋ ಅಲ್ಲಿಗೆ ಪಕ್ಕದ ಗುಡಿಸಲಿನವರು ನೀರು, ಗಂಜಿ ಒಯ್ಯಬೇಕು.

ಕುರಿಗಳ ಒಡೆಯ ಜಂಪಣ್ಣ ಬೇಲಿಯೊಳಗಿಂದಲೇ ಸಿಡುಕಿದ. "ಓ ಅಂದರೆ ಮಾರಿಗೆ ನಾವೇ ಬಾಗಿಲು ತೋರಿಸಿದಂಗೆ. ನಮ್ಮ ಮನೇಲಿ ಯಾರೂ ಬಾಯಿ ಬಿಡಂಗಿಲ್ಲ."

"ಕಣಿವೆಯವರು ಬಾಯಿ ಬಿಡಲಿಲ್ಲ ಕಣಪ್ಪಾ," ಎಂದಳು ಬೊಮ್ಮವ್ವ. "ಮಾರಿ ಅವರನ್ನ ಬಿಟ್ಟಳೇನು?"

ಮರುದಿನ ಗುಡ್ಡದ ಮೇಲಿಂದ ಅವಳ ದನಿ ಕೇಳಿಬಂತು. ಎಲ್ಲ ಮನೆಗಳನ್ನೂ ಕೂಗಿದಳು. ಹಕ್ಕಿಗಳ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಓ ಬರಲಿಲ್ಲವೆಂದು ಅವಳೇ ಇಳಿದು, ಆದಷ್ಟು ಗುಡಿಸಲುಗಳಿಗೆ ನೀರು ಹೊತ್ತಳು. ಅದರ ಮಾರನೆಯ ಬೆಳಿಗ್ಗೆ "ಜಂಪಣ್ಣನ ಮನೆಯವರೇ" ಎಂದಾಗ ಒಳಗೆ ಸೊಸೆ ಸಣ್ಣೀರಮ್ಮ ಜ್ವರದಲ್ಲಿ ಬಡಬಡಿಸುತ್ತಿದ್ದ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಡಿಗೆಯಲ್ಲಿ ನೀರಿರಲಿಲ್ಲ. ಮಾವನ ಮುಖ ನೋಡಿದಳು, ಗಂಡನ ತುಟಿ ನೋಡಿದಳು, "ಓ, ನೀರಿಲ್ಲವ್ವಾ" ಎಂದು ಕೂಗಿಬಿಟ್ಟಳು. ಆ ಇಡೀ ದಿನ ಮಾವ ಅವಳ ಕಣ್ಣು ಕೆಂಪಾಯಿತೇ, ನಡಿಗೆ ತಪ್ಪಿತೇ ಎಂದು ದೂರದಿಂದಲೇ ಕಾಯುತ್ತಿದ್ದ. ಅವಳೂ ಮತ್ತೆಮತ್ತೆ ತನ್ನ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಏನೂ ಆಗಲಿಲ್ಲ. ಬೊಮ್ಮವ್ವ ತಂದ ನೀರಿನಿಂದ ಗಂಡ ಕಣ್ಣು ತೆರೆದ. ಸುದ್ದಿ ಹರಡಿ, ಬರಬರುತ್ತ ಬೇರೆ ಗುಡಿಸಲುಗಳೂ ಓಗೊಟ್ಟವು. ಓ ಬಾರದ ಕಡೆ ಜನ ಬೇಲಿ ಸರಿಸಿ ಹೋದರು.

ಬೊಮ್ಮವ್ವ ಸಣ್ಣೀರಮ್ಮನನ್ನು ಜೊತೆಗೆ ಗುಡ್ಡಕ್ಕೆ ಕರೆದೊಯ್ದು, ಯಾವ ಮನೆಯ ಆಮೇಲೆ ಯಾವ ಮನೆಯನ್ನು ಕೂಗಬೇಕೆಂದು ಹೇಳಿಕೊಟ್ಟಳು. ಆದರೆ ಸೊಸೆಗೆ ಬಾಯಿ ಏಳದು. ಮಾವನ ಹೆಸರು ಹಿಡಿದು ಬಯಲಿಗೆಲ್ಲ ಕೇಳುವಂತೆ ಕೂಗುವುದು ಹೇಗೆ?

"ನನ್ನೊಬ್ಬಳ ಗಂಟಲು ನಂಬಿಕೊಂಡು ಕೂತರೆ, ಅದು ಕಟ್ಟಿದ ದಿನ ಏನು ಮಾಡ್ತೀರೇ ಮಗಾ?" ಎಂದು ಬೊಮ್ಮವ್ವ ಕೇಳಿದಾಗಲೂ ಅವಳು ಕೂಗದೆಯೇ ಗುಡ್ಡ ಇಳಿದಳು.

ಆ ದಿನ ಬಂದೇಬಂತು. ಬೆಳಕು ಹರಿಯಿತು, ಬಿಸಿಲು ಬೇಲಿಯ ಮೇಲೇರಿತು, ಗುಡ್ಡದಿಂದ ಕರೆ ಬರಲಿಲ್ಲ. ಗುಡಿಸಲುಗಳಲ್ಲಿ ಜನ ಕೈಕೆಲಸ ನಿಲ್ಲಿಸಿ ಕಿವಿಗೊಟ್ಟು ಕೂತರು. ಕರೆಗೆ ಹೆದರುತ್ತಿದ್ದವರು ಈಗ ಕರೆ ಇಲ್ಲದ್ದಕ್ಕೆ ನಡುಗಿದರು. ಸಣ್ಣೀರಮ್ಮ ಬೇಲಿಯವರೆಗೆ ಹೋಗಿ ನಿಂತಳು. ಹಿಂದಿನಿಂದ ಮಾವ ಹೇಳಿದ:

"ಹೋಗವ್ವ. ನನ್ನ ಹೆಸರನ್ನೂ ಕೂಗು. ನಾನೇ ಓ ಅಂತೀನಿ."

ಅವಳು ಓಡುತ್ತಲೇ ಹತ್ತಿದಳು. ಮೊದಲ ಕೂಗು ಗಂಟಲಲ್ಲೇ ಒಡೆಯಿತು. ಎರಡನೆಯದು ಕೆಳಗೆ ಮುಟ್ಟಿತು: "ಜಂಪಣ್ಣನ ಮನೆಯವರೇ!" ಮುದುಕನ ದೊಡ್ಡ "ಓ" ಬಂಡೆಗೆ ಬಡಿದು ಮರಳಿತು. ಉಳಿದವರೂ ಒಬ್ಬೊಬ್ಬರಾಗಿ ಓಗೊಟ್ಟರು. ಕೊನೆಗೆ ಅವಳು ಬೊಮ್ಮವ್ವನ ಹೆಸರು ಕೂಗಿದಳು. ಮತ್ತೆ ಕೂಗಿದಳು. ಉತ್ತರವಿಲ್ಲ. ಅವಳು ಇಳಿಯುವಷ್ಟರಲ್ಲಿ ನಾಲ್ಕೂ ಕಡೆಯಿಂದ ಜನ ನೀರು ಹಿಡಿದು ಆ ಗುಡಿಸಲಿನತ್ತ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ಜಂಪಣ್ಣನಿದ್ದ. ಬೊಮ್ಮವ್ವ ಮಣ್ಣಿನ ಮೇಲೆ ಬಿದ್ದಿದ್ದಳು, ಉಸಿರಿತ್ತು. ಅವನು ಬಾಯಿಗೆ ನೀರು ಹನಿಸಿದ ಮೇಲೆ ತುಟಿಗಳು ಅಲುಗಿದವು. "ನಾನು ಓಗೊಟ್ಟೆನಲ್ಲಪ್ಪಾ," ಎಂದಳಂತೆ, "ನಿಮಗೆ ಕೇಳಿಸಲಿಲ್ಲ."

ಅವಳು ಬದುಕಿದಳು, ಆದರೆ ದನಿ ಮರಳಲಿಲ್ಲ. ಮುಂಗಾರು ಬಿದ್ದು ಜನ ಊರಿಗೆ ಹಿಂತಿರುಗುವವರೆಗೂ ಸಣ್ಣೀರಮ್ಮ ಮತ್ತು ಅವಳು ಕಲಿಸಿದವರು ಸರದಿಯಲ್ಲಿ ಕೂಗಿದರು. ಊರು ಸೇರಿದಾಗ ಎಷ್ಟೋ ಮನೆಗಳ ಕದ ತೆರೆಯುವವರಿರಲಿಲ್ಲ.

ಇಂದು ಗುಡ್ಡ ಹತ್ತುವವರಿಗೆ ಗುಡಿಯಾಗಲಿ, ಕಲ್ಲುಕಂಬವಾಗಲಿ ಕಾಣುವುದಿಲ್ಲ. ಗುಡಿ ಕಟ್ಟಿದರೆ ಪೂಜಾರಿಯೊಬ್ಬನೇ ಅಲ್ಲಿ ನಿಂತು ಕೂಗುವಂತಾಗುತ್ತದೆಂದು ಹಿರಿಯರು ಒಪ್ಪಲಿಲ್ಲ ಎನ್ನುತ್ತಾರೆ. ಪ್ರತಿ ವರ್ಷ ಬಿತ್ತನೆ ಮುಗಿದ ಮೇಲೆ ಒಂದು ಬೆಳಿಗ್ಗೆ, ಅದುವರೆಗೆ ಎಂದೂ ಕೂಗದ ಒಬ್ಬರು ಹಾಸುಬಂಡೆಯ ಮೇಲೆ ನಿಂತು ಊರಿನ ಮನೆಗಳನ್ನೆಲ್ಲ ಕರೆಯುತ್ತಾರೆ. ನೋಡಲು ಬಂದವರು ಮೊದಮೊದಲು ನಗುತ್ತಾರೆ. ಯಾವುದೋ ಮನೆಯ ಓ ಬರುವುದು ತುಸು ತಡವಾದಾಗ ಬಯಲೆಲ್ಲ ತಣ್ಣಗಾಗುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಆ ಮನೆಯ ದಾರಿ ಹಿಡಿದಿರುತ್ತಾರೆ.