ಕಾಜಾಣದ ಕೂಗಿಗೆ ಬಾಗಿಲು ತೆಗೆದ ಅಳಿಲು

ಒಂದು ಕೆರೆ. ಕೆರೆ ಏರಿಯ ತುದಿಯಲ್ಲಿ ಒಂದು ದೊಡ್ಡ ಆಲದ ಮರ. ಆ ಮರದಲ್ಲಿ ಅಳಿಲುಗಳ ಹನ್ನೆರಡು ಮನೆ. ನಾನು ಹುಟ್ಟಿದ ಕಡೆ ಅಳಿಲಿಗೆ ಇಣಚಿ ಎನ್ನುತ್ತಾರೆ. ಈಗ ನಾನಿರುವ ಕಡೆ ಹಾಗೆಂದರೆ ಮಕ್ಕಳು ಮಿಕಿಮಿಕಿ ನೋಡುತ್ತಾರೆ. ಹೆಸರು ಏನಾದರಾಗಲಿ, ಬೆನ್ನಿನ ಮೇಲಿನ ಗೆರೆಗಳು ಎರಡು ಕಡೆಯೂ ಒಂದೇ.

ಕೆಳಗಿನಿಂದ ಮೂರನೆಯ ಪೊಟರೆಯಲ್ಲಿ ಚೌಡಕ್ಕ ಎಂಬ ಅಳಿಲು ಇದ್ದಳು. ಅವಳಿಗೆ ಮೂರು ಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮರಕ್ಕೆಲ್ಲ ಇದ್ದ ಒಂದೇ ಒಂದು ಕಂಪ್ಯೂಟರು ಅವಳ ಮನೆಯಲ್ಲಿತ್ತು.

ಅಳಿಲಿಗೆ ಕಂಪ್ಯೂಟರು ಯಾಕೆ ಎಂದು ನಗಬೇಡಿ. ಅಳಿಲುಗಳು ಬೇಸಗೆಯಲ್ಲಿ ಕಾಳು ಹೂತಿಡುತ್ತವೆ, ಮಳೆಗಾಲದಲ್ಲಿ ಎಲ್ಲಿಟ್ಟೆವು ಎಂದು ಮರೆಯುತ್ತವೆ. ಒಂದು ವರ್ಷ ಹೀಗೇ ಮರೆತು, ಕಾಲ ಕೆಳಗೇ ಕಾಳಿದ್ದರೂ ಇಡೀ ಮರ ಉಪವಾಸ ಬಿದ್ದಿತ್ತು. ಅಂದಿನಿಂದ ಎಲ್ಲರೂ ಸೇರಿ ಒಂದು ನಕ್ಷೆ ಮಾಡಿದರು. ಯಾವ ಮನೆಯ ಕಾಳು ಯಾವ ಕಲ್ಲಿನ ಕೆಳಗೆ, ಯಾವ ಪೊದೆಯ ಬುಡದಲ್ಲಿ, ಎಲ್ಲವೂ ಆ ನಕ್ಷೆಯಲ್ಲಿತ್ತು. ನಕ್ಷೆ ಚೌಡಕ್ಕನ ಕಂಪ್ಯೂಟರಿನಲ್ಲಿತ್ತು. ಮಳೆ ಹಿಡಿಯಲು ಇನ್ನು ಎಂಟೇ ದಿನ.

ಮರಕುಟಿಗ ಈರಣ್ಣ ವಾರಕ್ಕೊಮ್ಮೆ ಬರುತ್ತಿದ್ದ. ಮರದ ತೊಗಟೆಯನ್ನು ಟಕಟಕ ಬಡಿದು ಹುಳು ನೋಡುವುದು ಅವನ ಕೆಲಸ. ಅದು ಮುಗಿದ ಮೇಲೆ ಕಂಪ್ಯೂಟರನ್ನೂ ನೋಡುತ್ತಿದ್ದ.

"ತೊಗಟೆಗೆ ಹುಳು ಬೀಳುವ ಹಾಗೆ ಇದಕ್ಕೂ ವೈರಸ್ ಬೀಳುತ್ತೆ ಚೌಡಕ್ಕ" ಎಂದಿದ್ದ. "ಅದಕ್ಕೇ ಈ ಆಂಟಿವೈರಸ್ ಅನ್ನೋ ಕಾವಲುಗಾರನ್ನ ಕೂರಿಸಿದ್ದೀನಿ. ಗುರುತಿಲ್ಲದವರು ಬಂದರೆ ಬಾಗಿಲಲ್ಲೇ ತಡೆದು ನಿನ್ನ ಕೇಳ್ತಾನೆ. ಪಾಸ್‌ವರ್ಡ್ ಯಾರಿಗೂ ಹೇಳಬೇಡ. ನನಗೂ ಬೇಡ. ನಾನು ಆ ಕಡೆ ತಿರುಗಿ ನಿಲ್ತೀನಿ, ನೀನೇ ಒತ್ತು."

ಚೌಡಕ್ಕ ಅವನು ಹೇಳಿದ್ದನ್ನೆಲ್ಲ ತಪ್ಪದೆ ಮಾಡುತ್ತಿದ್ದಳು. ಅವಳಿಗೆ ಇದ್ದ ಕೊರತೆ ಒಂದೇ, ಗಾಬರಿ. ಒಣಗಿದ ಎಲೆ ಬಿದ್ದರೂ ಎದ್ದು ಮರಿಗಳನ್ನು ಎಣಿಸುವಳು. ಎಣಿಸಿ ಮೂರೇ ಬಂದರೂ ಇನ್ನೊಮ್ಮೆ ಎಣಿಸುವಳು.

ಅಳಿಲುಗಳಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಒಬ್ಬರು "ಚಿಕ್! ಚಿಕ್!" ಎಂದು ಅಪಾಯದ ಕೂಗು ಹಾಕಿದರೆ ಕೇಳಿದವರೂ ಕೂಗಬೇಕು, ಕೂಗುತ್ತಲೇ ಹಾರಬೇಕು. ಯಾರು ಕೂಗಿದರು, ಏನು ಕಂಡರು ಎಂದು ವಿಚಾರಿಸುತ್ತ ನಿಲ್ಲಬಾರದು. ಗಿಡುಗ ಎರಗುವಾಗ ವಿಚಾರಿಸುತ್ತ ನಿಂತವರು ಯಾರೂ ಉಳಿದಿಲ್ಲ, ಆದ್ದರಿಂದ ಕಟ್ಟಳೆ ಸರಿಯಾಗಿಯೇ ಇತ್ತು.

ಇದನ್ನು ಚೆನ್ನಾಗಿ ತಿಳಿದ ಒಬ್ಬನಿದ್ದ. ಅವನು ಆಚೆಯ ಬೂರುಗದ ಮರದ ಕಾಜಾಣ. ಕಪ್ಪು ಮೈ, ಸೀಳು ಬಾಲ. ಯಾರ ಧ್ವನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಆಡಿಬಿಡುವನು. ಅವನಿಗೆ ಕಾಳು ಬೇಡ, ಮಣ್ಣಿನೊಳಗಿನ ಹುಳು ಬೇಕು. ಆದರೆ ನೆಲ ಕೆದಕುವ ಶಕ್ತಿ ಅವನ ಕಾಲಿಗಿಲ್ಲ. ಏರಿಯ ಕೆಳಗಿನ ಹೆಗ್ಗಣಗಳಿಗೆ ಆ ಶಕ್ತಿ ಇತ್ತು. ಆದರೆ ಅಳಿಲುಗಳು ಕಾಳಿನ ಮೇಲೆ ಬೇವಿನ ಸೊಪ್ಪು ಹೊದಿಸಿ ಹೂಳುತ್ತಿದ್ದುದರಿಂದ ಅವುಗಳಿಗೆ ವಾಸನೆ ಹತ್ತುತ್ತಿರಲಿಲ್ಲ.

"ಜಾಗ ನಾನು ತೋರಿಸ್ತೀನಿ, ನೀವು ಅಗೆಯಿರಿ" ಎಂದ ಕಾಜಾಣ. "ಕಾಳು ನಿಮಗೆ, ಎದ್ದ ಹುಳು ನನಗೆ."

ಆಲದ ಮರಕ್ಕೂ ಬೂರುಗದ ಮರಕ್ಕೂ ಒಂದೇ ತಂತಿ, ಕಾಜಾಣನ ಬಳಿಯೂ ಒಂದು ಕಂಪ್ಯೂಟರಿತ್ತು. ಒಂದು ಬೆಳಿಗ್ಗೆ ಚೌಡಕ್ಕ ಮರಿಗಳಿಗೆ ಹಾಲೂಡಿಸಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯೆಲ್ಲ ಇದ್ದಕ್ಕಿದ್ದಂತೆ ಕೆಂಪಾಯಿತು. ಒಳಗಿನಿಂದ ಅಳಿಲಿನದೇ ಕೂಗು ಬಂತು.

"ಚಿಕ್! ಚಿಕ್! ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ! ನಕ್ಷೆಯನ್ನು ತಿನ್ನುತ್ತಿದೆ! ತಕ್ಷಣ ಇಲ್ಲಿ ಒತ್ತಿ! ಚಿಕ್! ಚಿಕ್!"

ಚೌಡಕ್ಕನ ಬಾಲ ನೆಟ್ಟಗಾಯಿತು. "ಚಿಕ್! ಚಿಕ್!" ಎಂದು ಅವಳೂ ಕಿರುಚಿದಳು. ಮೇಲಿನ ಮನೆಯವರು ಕಿರುಚಿದರು. ಅವರ ಮೇಲಿನವರೂ ಕಿರುಚಿದರು. ಗಳಿಗೆಯಲ್ಲಿ ಇಡೀ ಮರ ಕೂಗುತ್ತಿತ್ತು. ಹನ್ನೊಂದು ಮನೆಯವರೂ ಚೌಡಕ್ಕನ ಪೊಟರೆಯ ಬಾಯಿಗೆ ಮುತ್ತಿಕೊಂಡರು.

"ಏನಾಯ್ತೇ?"

"ನಕ್ಷೆ! ನಕ್ಷೆ ತಿಂತಾ ಇದೆಯಂತೆ!"

"ಹಾಗಾದರೆ ಒತ್ತು!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನೆರೆಮನೆಯ ಬೆಟ್ಟಪ್ಪ. "ಒತ್ತು ಒತ್ತು! ಏನು ನೋಡ್ತಾ ಕೂತಿದ್ದೀಯ?"

ಚೌಡಕ್ಕ ಒತ್ತಿದಳು. ಕೂಡಲೆ ಕಾವಲುಗಾರ ಅಡ್ಡ ಬಂದ. "ಇವರು ಯಾರೋ ನನಗೆ ಗುರುತಿಲ್ಲ. ಒಳಗೆ ಬಿಡಬೇಡಿ" ಎಂದು ಪರದೆಯ ಮೇಲೆ ಬರೆದ.

ಅದರ ಮೇಲೇ ಇನ್ನೊಂದು ಕೆಂಪು ಬರಹ ಎದ್ದಿತು. "ಕಾವಲುಗಾರನಿಗೇ ವೈರಸ್ ತಗುಲಿದೆ! ಮೊದಲು ಅವನನ್ನು ನಿಲ್ಲಿಸಿ!"

"ಈರಣ್ಣನನ್ನ ಕೇಳೋಣವೇ?" ಎಂದಳು ಚೌಡಕ್ಕ.

"ಅವನು ಬರೋ ಹೊತ್ತಿಗೆ ನಕ್ಷೆಯಲ್ಲಿ ಏನು ಉಳಿದಿರುತ್ತೆ, ಅಂಚು ಮಾತ್ರ!" ಎಂದ ಬೆಟ್ಟಪ್ಪ.

ಅಷ್ಟರಲ್ಲಿ ಒಳಗಿನಿಂದ ಟಕ್ ಟಕ್ ಟಕ್ ಎಂದು ಸದ್ದಾಯಿತು. "ನಾನು ಈರಣ್ಣ ಮಾತಾಡ್ತಿರೋದು" ಎಂದಿತು ಈರಣ್ಣನದೇ ಒರಟು ದನಿ. "ಭಯಪಡಬೇಡಿ ಮಾನ್ಯರೇ. ಕಾವಲುಗಾರನನ್ನ ನಿಲ್ಲಿಸಿ, ಪಾಸ್‌ವರ್ಡ್ ಹೇಳಿ. ಉಳಿದದ್ದು ನಾನು ನೋಡಿಕೊಳ್ತೀನಿ. ಬೇಗ, ಬೇಗ!"

ಚೌಡಕ್ಕ ಕಾವಲುಗಾರನನ್ನು ನಿಲ್ಲಿಸಿದಳು. ಪಾಸ್‌ವರ್ಡ್ ಹೇಳಿಬಿಟ್ಟಳು.

ಕೆಂಪು ಮಾಯವಾಯಿತು, ಕೂಗು ನಿಂತಿತು. "ಎಲ್ಲ ಸರಿಯಾಗಿದೆ. ವಂದನೆಗಳು" ಎಂದು ಹಸಿರು ಅಕ್ಷರ ಮೂಡಿತು. ಎಲ್ಲರೂ ಉಸಿರು ಬಿಟ್ಟರು. "ನಾನು ಹೇಳದೇ ಇದ್ದಿದ್ದರೆ ಇವಳು ಒತ್ತುತ್ತಲೇ ಇರಲಿಲ್ಲ" ಎನ್ನುತ್ತಾ ಬೆಟ್ಟಪ್ಪ ಮನೆಗೆ ಹೋದ. ಉಳಿದವರೂ ಹೋದರು.

ಚೌಡಕ್ಕ ಒಬ್ಬಳೇ ಉಳಿದಳು. ಈರಣ್ಣ ಯಾವತ್ತು ತನ್ನನ್ನು ಮಾನ್ಯರೇ ಎಂದು ಕರೆದಿದ್ದ? ಪಾಸ್‌ವರ್ಡ್ ನನಗೂ ಬೇಡ ಎಂದವನು ಇವತ್ತು ಯಾಕೆ ಕೇಳಿದ?

ಪೊಟರೆಯಿಂದ ತಲೆ ಹೊರಗೆ ಹಾಕಿ ನೋಡಿದಳು. ಕೆರೆಯ ಆಚೆ ದಡದ ಒಣಮರದಲ್ಲಿ ಈರಣ್ಣ ತನ್ನ ಪಾಡಿಗೆ ತಾನು ತೊಗಟೆ ಬಡಿಯುತ್ತಿದ್ದ. ಅವನ ಹತ್ತಿರ ಕಂಪ್ಯೂಟರೂ ಇರಲಿಲ್ಲ, ತಂತಿಯೂ ಇರಲಿಲ್ಲ.

ಹಾಗಾದರೆ ಮಾತಾಡಿದವರು ಯಾರು?

ತಿರುಗಿ ಪರದೆ ನೋಡಿದಳು. ನಕ್ಷೆ ತಾನೇ ತೆರೆದುಕೊಂಡಿತ್ತು. ಅದರ ಮೇಲೆ ಪುಟ್ಟ ಬಾಣ ತಾನಾಗಿ ಓಡಾಡುತ್ತಿತ್ತು. ಚೌಡಕ್ಕ ಏನನ್ನೂ ಮುಟ್ಟಿರಲಿಲ್ಲ. ಬಾಣ ಮೊದಲ ಗುರುತಿನ ಮೇಲೆ ನಿಂತಿತು, ಓದಿತು, ಎರಡನೆಯದಕ್ಕೆ ಸರಿಯಿತು. ಕತ್ತಲ ಕೋಣೆಯಲ್ಲಿ ಯಾರೋ ಕಾಣದವರು ಮನೆಯ ಪಾತ್ರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ ಹಾಗೆ.

ಏರಿಯ ಕಡೆಯಿಂದ ಮಣ್ಣು ಕೆದಕುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಒಂದು ಅಳು. "ಅಯ್ಯೋ, ನಮ್ಮ ಕಾಳು! ಹೆಗ್ಗಣಗಳು ಎಲ್ಲಾ ಹೊತ್ತುಕೊಂಡು ಹೋದವು!" ಅದು ನಕ್ಷೆಯ ಮೊದಲ ಮನೆಯವರ ದನಿ.

ಚೌಡಕ್ಕ ಮರಿಗಳನ್ನು ಎಣಿಸಿದಳು. ಮೂರು. ಮತ್ತೆ ಎಣಿಸಿದಳು. 'ಹೆಗ್ಗಣ ನೆಲ ಅಗೆಯುವುದು ಹೊಸದೇನು? ಇದು ನನ್ನಿಂದಲೇ ಆಯಿತು ಎಂದು ಯಾರಿಗೆ ಗೊತ್ತು?' ಎಂದುಕೊಂಡಳು. 'ಹೇಳಿದರೆ ಈ ಮರದಲ್ಲಿ ನನಗೆ ಜಾಗ ಇರುತ್ತದೆಯೇ? ಕಣ್ಣು ಬಿಡದ ಮರಿಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಸುಮ್ಮನಿದ್ದರಾಯಿತು.'

ಎರಡನೆಯ ಅಳು ಕೇಳಿಸಿತು. ಅವಳು ಬಾಲದಿಂದ ಕಿವಿ ಮುಚ್ಚಿಕೊಂಡಳು. ಬಾಲದೊಳಗಿಂದಲೂ ಮೂರನೆಯ ಅಳು ಕೇಳಿಸಿತು. ಬಾಣ ಹನ್ನೆರಡನೆಯ ಗುರುತನ್ನೂ ಮುಟ್ಟಿ ಮತ್ತೆ ಮೊದಲಿಗೆ ಬಂದು, ಕೆಲಸ ಮುಗಿಯಿತು ಎಂಬಂತೆ ನಿಂತಿತ್ತು.

ಚೌಡಕ್ಕ ಇನ್ನು ತಡೆಯಲಾರದೆ ಓಡಿಹೋಗಿ ತಂತಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಹೊರಗೆ ಬಂದು, ಎಲ್ಲರಿಗೂ ಕಾಣುವ ಕೊಂಬೆಯ ಮೇಲೆ ನಿಂತಳು.

"ಕೇಳಿ! ನನ್ನಿಂದ ತಪ್ಪಾಯಿತು! ಬೆಳಿಗ್ಗೆ ಮಾತಾಡಿದವನು ಈರಣ್ಣ ಅಲ್ಲ. ನಾನು ಕಾವಲು ನಿಲ್ಲಿಸಿ ಪಾಸ್‌ವರ್ಡ್ ಕೊಟ್ಟುಬಿಟ್ಟೆ. ನಮ್ಮ ನಕ್ಷೆ ಪೂರ್ತಿ ಹೆಗ್ಗಣಗಳಿಗೆ ಸಿಕ್ಕಿದೆ!"

ಇಡೀ ಮರದಲ್ಲಿ ಗದ್ದಲವೋ ಗದ್ದಲ.

"ಕೊಟ್ಟೆಯಾ? ಹಬ್ಬದ ಪ್ರಸಾದ ಹಂಚಿದ ಹಾಗೆ ಕೊಟ್ಟುಬಿಟ್ಟೆಯಾ?" ಎಂದ ಬೆಟ್ಟಪ್ಪ. "ಕಂಪ್ಯೂಟರು ಇವಳ ಕೈಗೆ ಕೊಡಬೇಡಿ ಅಂತ ಆವತ್ತೇ ಹೇಳಿದ್ದೆ."

"ಮೂರು ಮನೆ ಹೋಗುವ ತನಕ ಬಾಯಿಗೆ ಏನಾಗಿತ್ತೇ?" ಎಂದು ಕಾಳು ಕಳೆದುಕೊಂಡವರು ಅತ್ತರು.

ಚೌಡಕ್ಕ ತಲೆ ತಗ್ಗಿಸಿ ನಿಂತಳು.

ಮರದಲ್ಲೆಲ್ಲ ಹಿರಿಯಳು ಕೆಂಚಜ್ಜಿ. ಅವಳು ಕೋಲೂರುತ್ತಾ ಮುಂದೆ ಬಂದಳು. "ಬೈಯೋದು ಮಳೆಗಾಲದಲ್ಲಿ ಬೈಯೋಣ, ಆಗ ಬೇರೆ ಕೆಲಸ ಇರಲ್ಲ. ಚೌಡಿ, ಹೆಗ್ಗಣಗಳು ಯಾವ ಕಡೆಯಿಂದ ಅಗೀತಾ ಬರ್ತಿವೆ?"

"ನಕ್ಷೆ ಇರುವ ಸಾಲಿನಲ್ಲೇ ಅಜ್ಜಿ. ಮೊದಲನೆಯದು, ಎರಡನೆಯದು, ಮೂರನೆಯದು."

"ಹಾಗಾದರೆ ನಾವು ಕೊನೆಯಿಂದ ಶುರು ಮಾಡೋಣ. ಹನ್ನೆರಡನೆಯದನ್ನು ಮೊದಲು ತೆಗೀರಿ. ಯಾರ ಮನೆಯದು ಅಂತ ನೋಡಬೇಡಿ. ಸಿಕ್ಕಿದ್ದನ್ನು ಹೊತ್ತು ಮೇಲಿನ ಪೊಟರೆಗೆ ಹಾಕಿ. ನಡೀರಿ!"

ಅಳಿಲುಗಳು ಧುಮುಕಿದವು. ಏರಿಯ ಆ ತುದಿಯಿಂದ ಹೆಗ್ಗಣಗಳು ಅಗೆಯುತ್ತಾ ಬಂದವು; ಈ ತುದಿಯಿಂದ ಅಳಿಲುಗಳು ಕೆದಕುತ್ತಾ ಹೋದವು. ಕಾಜಾಣ ಮೇಲೆ ಹಾರಾಡುತ್ತಾ ಎದ್ದ ಹುಳು ಹಿಡಿಯುತ್ತಿದ್ದ. ನಡುನಡುವೆ ಕೆಂಚಜ್ಜಿಯ ದನಿಯಲ್ಲೇ "ಸಾಕು, ಹಿಂದೆ ಬನ್ನಿ!" ಎಂದು ಕೂಗುತ್ತಿದ್ದ. ಎಳೆಯ ಅಳಿಲುಗಳು ನಿಂತು ತಬ್ಬಿಬ್ಬಾಗುತ್ತಿದ್ದವು. "ನಾನು ಇಲ್ಲೇ ಇದ್ದೀನಲ್ಲೋ, ನನ್ನ ಬಾಯಿ ನೋಡ್ಕೊಂಡು ಕೆಲಸ ಮಾಡ್ರೋ!" ಎಂದು ಅಜ್ಜಿ ಅವರ ನಡುವೆಯೇ ನಿಂತುಬಿಟ್ಟಳು.

ಹನ್ನೆರಡು ಬಂತು. ಹನ್ನೊಂದು ಬಂತು. ಹತ್ತು, ಒಂಬತ್ತು. ಎಂಟನೆಯದರ ಬಳಿ ಚೌಡಕ್ಕ ಕೊನೆಯ ಹೊರೆ ಎತ್ತಿದಾಗ ಹೆಗ್ಗಣದ ಮೂಗು ಅವಳ ಬಾಲಕ್ಕೆ ತಾಕಿತು. ಕಾಳನ್ನು ಬಿಡದೆ ಒಂದೇ ನೆಗೆತಕ್ಕೆ ಬಿಳಲು ಹಿಡಿದು ಮೇಲೇರಿದಳು.

ಲೆಕ್ಕ ಹಾಕಿದರೆ ಐದು ಮನೆಯ ಕಾಳು ಉಳಿದಿತ್ತು, ಏಳು ಮನೆಯದು ಹೋಗಿತ್ತು. ಹೋದ ಏಳರಲ್ಲಿ ಚೌಡಕ್ಕನದೂ ಒಂದು, ಬೆಟ್ಟಪ್ಪನದೂ ಒಂದು.

ಗದ್ದಲ ಕೇಳಿ ನಿಜವಾದ ಈರಣ್ಣ ಹಾರಿಬಂದ. ನಡೆದದ್ದನ್ನು ಕೇಳಿ ಚೌಡಕ್ಕನ ಪಕ್ಕ ಬಂದು ಕೂತ.

"ಕಾವಲುಗಾರ ಬೇಡ ಅಂದನಲ್ಲ, ಅವನ ಬಾಯಿ ಕಟ್ಟಿದ್ದು ಯಾಕೆ?"

"ಹೆದರಿಕೆಯಾಯಿತು ಈರಣ್ಣ. ಬೇಗ ಬೇಗ ಅಂದರು."

"ನಿಜವಾಗಿ ಹುಳು ಹಿಡಿಯುವವನು ಬೇಗ ಅನ್ನೋದಿಲ್ಲ, ಚೌಡಕ್ಕ. ಮೆಲ್ಲಗೆ ಬಡೀತಾನೆ, ಕಿವಿಗೊಡ್ತಾನೆ. ಯಾರಾದರೂ ಯೋಚನೆ ಮಾಡೋದಕ್ಕೇ ಬಿಡಲ್ಲ ಅಂದರೆ ಅಲ್ಲೇ ಮೋಸ ಇದೆ ಅಂತ ತಿಳ್ಕೋ."

ಅವನು ಎರಡು ದಿನ ಕೂತು ಕಾಜಾಣ ಬಿಟ್ಟುಹೋಗಿದ್ದ ಹುಳುಕನ್ನೆಲ್ಲ ಹುಡುಕಿ ತೆಗೆದ. ಕಾವಲುಗಾರನನ್ನು ಮತ್ತೆ ಕೂರಿಸಿದ. ಚೌಡಕ್ಕ ಹೊಸ ಪಾಸ್‌ವರ್ಡ್ ಹಾಕುವಾಗ ಗೋಡೆಯ ಕಡೆ ತಿರುಗಿ ನಿಂತ.

ಎಂಟನೆಯ ದಿನ ಮಳೆ ಹಿಡಿಯಿತು. ಐದು ಮನೆಯ ಕಾಳನ್ನು ಹನ್ನೆರಡು ಮನೆಯವರು ತಿನ್ನಬೇಕು. ದಿನಕ್ಕೆ ಒಂದೇ ಹೊತ್ತು ಊಟ. ಪಾಲು ಹಂಚುವಾಗ ಚೌಡಕ್ಕ ಎಲ್ಲರ ಹಿಂದೆ ಬಂದಳು. ಅರ್ಧ ತೆಗೆದುಕೊಂಡು ಅರ್ಧ ಹಿಂದಕ್ಕೆ ಸರಿಸಿದಳು.

"ಹಾಲೂಡುವವಳು ನೀನು, ಪೂರ್ತಿ ತಗೋ" ಎಂದಳು ಕೆಂಚಜ್ಜಿ.

"ಏಳು ಮನೆಯ ಕಾಳು ಹೋದದ್ದು ನನ್ನಿಂದಲ್ಲವೇ ಅಜ್ಜಿ?"

"ನಿನ್ನಿಂದಲೇ. ಅದನ್ನ ಇಲ್ಲ ಅನ್ನಲ್ಲ. ಮೊದಲೇ ಹೇಳಿದ್ದರೆ ಇನ್ನೂ ಮೂರು ಉಳೀತಿತ್ತೋ ಏನೋ. ಸಂಜೆ ತನಕ ಮುಚ್ಚಿಟ್ಟಿದ್ದರೆ ಈಗ ಹಂಚೋದಕ್ಕೂ ಏನೂ ಇರ್ತಿರಲಿಲ್ಲ. ಎರಡೂ ನೆನಪಿಟ್ಕೋ, ಈಗ ತಿನ್ನು."

ಬೆಟ್ಟಪ್ಪ ಹೊರಗಿನ ಮಳೆ ನೋಡುತ್ತಾ ಕೂತಿದ್ದ. ಯಾರ ಮುಖವನ್ನೂ ನೋಡದೆ ತನ್ನ ಪಾಲಿನ ಒಂದು ಕಾಳನ್ನು ಚೌಡಕ್ಕನ ಕಡೆ ಉರುಳಿಸಿದ.

"ಇದೇನು ಬೆಟ್ಟಣ್ಣ?"

"ಒತ್ತು ಒತ್ತು ಅಂತ ಕೂಗಿದವನಿಗೆ ದಂಡ" ಎಂದ ಅವನು. "ತಗೊಂಡು ಹೋಗು. ಮರಿಗಳು ಅಳ್ತಾ ಇವೆ."

ನೀತಿ: ಹೆದರಿಸಿ ಅವಸರಪಡಿಸುವವನಿಗೆ ಮನೆಯ ಬಾಗಿಲನ್ನೂ ತೆಗೆಯಬೇಡ, ಕಂಪ್ಯೂಟರಿನ ಬಾಗಿಲನ್ನೂ ತೆಗೆಯಬೇಡ, ತಪ್ಪಿ ತೆಗೆದಿದ್ದರೆ ನಾಚಿಕೆಗೆ ಮುಚ್ಚಿಡದೆ ಕೂಡಲೆ ಹೇಳು.