ಅಂಜಿಕೆಯ ಕಟ್ಟೆ

ಮೊರಡಿಹಟ್ಟಿಯ ಕೆರೆಗೆ ಬಂದವರು ಏರಿಯ ಪಡುವಣ ತುದಿಯಲ್ಲಿ ಒಂದು ಕಲ್ಲುಕಟ್ಟೆಯನ್ನು ಕಾಣುತ್ತಾರೆ. ಎದೆಯೆತ್ತರದ ಕಟ್ಟೆ, ಹತ್ತಲು ಒಂದು ಮಗ್ಗುಲಲ್ಲಿ ಒರಟು ಮೆಟ್ಟಿಲು, ಪಕ್ಕದಲ್ಲಿ ಮುದಿ ಬನ್ನಿಮರ. ದೇವರಿಲ್ಲ, ಶಾಸನವಿಲ್ಲ, ಅರಿಶಿನ ಕುಂಕುಮದ ಗುರುತೂ ಇಲ್ಲ. ಇದಕ್ಕೆ ಅಂಜಿಕೆಯ ಕಟ್ಟೆ ಎಂದು ಹೆಸರು. ಹೆಸರು ಕೇಳಿದ ಕೂಡಲೇ ಪೇಟೆಯ ಜನರ ಮುಖ ಒಂದು ಥರ ಆಗುತ್ತದೆ. "ಇಲ್ಲಿ ಏನಾದರೂ ಓಡಾಡುತ್ತಾ ಅಜ್ಜಾ?" ಎಂದು ಪಿಸುಗುಡುತ್ತಾರೆ. ಏನೂ ಓಡಾಡುವುದಿಲ್ಲ ಮಾರಾಯರೇ, ನಮ್ಮ ಎಮ್ಮೆಗಳನ್ನು ಬಿಟ್ಟರೆ! ಇಲ್ಲಿ ಮೋಹಿನಿ ಕಾಣಿಸಿಕೊಳ್ಳುತ್ತಾಳೆಂದು ಕಥೆ ಕಟ್ಟಿ ಮೊಬೈಲಿನಲ್ಲಿ ಹರಿಬಿಟ್ಟ ಒಬ್ಬ ಪುಣ್ಯಾತ್ಮನಿಗೆ ನಾನು ಇದೇ ಮರದ ಕೆಳಗೆ ಚೆನ್ನಾಗಿ ಛೀಮಾರಿ ಹಾಕಿ ಕಳಿಸಿದ್ದೇನೆ. ಇಲ್ಲಿ ಅಂಜಿದವರು ಬದುಕಿದ್ದ ಮನುಷ್ಯರು. ಅವರ ಅಂಜಿಕೆಗೆ ಕಾರಣವೂ ಇತ್ತು. ಅದನ್ನು ತಿಳಿಯದೆ ಹೆಸರನ್ನು ಮಾತ್ರ ಹಿಡಿದುಕೊಂಡು ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಒಬ್ಬ ಪಾಳೆಯಗಾರ ಆಳುತ್ತಿದ್ದನಂತೆ. ಅವನ ಹೆಸರನ್ನು ನಮ್ಮೂರಲ್ಲಿ ಯಾರೂ ಮಕ್ಕಳಿಗೆ ಇಡುವುದಿಲ್ಲ, ನಾನೂ ಹೇಳುವುದಿಲ್ಲ. ಈ ಎರಡು ಗುಡ್ಡಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿಸಬೇಕೆಂದು ಅವನಿಗೆ ಮನಸ್ಸಾಯಿತು. ಕೆಲಸದ ಹೊಣೆ ಬಿದ್ದದ್ದು ಗುರಿಕಾರ ಪಾಲಯ್ಯನ ಹೆಗಲಿಗೆ. ಪಾಲಯ್ಯ ಕೆಲಸ ಬಲ್ಲವನು, ಆದರೆ ದೊರೆಯ ಎದುರಿಗೆ ಇಲ್ಲ ಎನ್ನಲಾರದವನು. ಮಣ್ಣು ಕೆಲಸದಲ್ಲಿ ಪಳಗಿದ ಜನ ನಾಲ್ಕೂ ದಿಕ್ಕಿನಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಏರಿಯ ಕೆಳಗಿನ ತಗ್ಗಿನಲ್ಲಿ ಗುಡಿಸಲು ಹಾಕಿಕೊಂಡರು. ಮೇಲೆ ಗುಡ್ಡದ ಹುಲ್ಲುಗಾವಲು ದೊರೆಯ ಕುದುರೆಗಳಿಗೆ ಮೀಸಲಾಗಿತ್ತು, ಅಲ್ಲಿ ಮನುಷ್ಯರು ಕಾಲಿಡುವ ಹಾಗಿರಲಿಲ್ಲ. ಹೀಗಾಗಿ ತಾವು ಕಟ್ಟುವ ಏರಿಯ ಬುಡದಲ್ಲೇ ತಮ್ಮ ಮಕ್ಕಳನ್ನು ಮಲಗಿಸಿ ಆ ಜನ ಮಣ್ಣು ಹೊರುತ್ತಿದ್ದರು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ತಮ್ಮ ತೊಟ್ಟಿಲುಗಳೇ ಎಂಬುದು ಅವರಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆದರೂ ಅವರು ಬಾಯಿ ಬಿಡುತ್ತಿರಲಿಲ್ಲ. ಏಕೆಂದರೆ ಕೆರೆ ಕಟ್ಟುವವರಲ್ಲಿ ಆಗ ಒಂದು ಕಟ್ಟಳೆಯಿತ್ತು ಎನ್ನುತ್ತಾರೆ. ನಾವು ಇಂದಿಗೂ ದೀಪ ಆರಿಸು ಎನ್ನದೆ ಶಾಂತ ಮಾಡು ಎನ್ನುತ್ತೇವೆ, ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುತ್ತೇವೆ, ಅಲ್ಲವೇ? ಹಾಗೆಯೇ ಕೆರೆ ತುಂಬಿ ಬಾಗಿನ ಕೊಡುವ ತನಕ ಏರಿಯ ಮೇಲೆ ಸೋರುವುದು, ಕುಸಿಯುವುದು, ಒಡೆಯುವುದು ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಪಾಲಯ್ಯ ಸಂಜೆ ಏರಿಯುದ್ದಕ್ಕೂ ನಡೆದು ಪ್ರತಿ ಗುಂಪಿನವರನ್ನೂ "ಹೇಗಿದೆ?" ಎಂದು ಕೇಳುವನು. "ಎಲ್ಲ ಶುಭ ಅಣ್ಣಾ" ಎಂದು ಅವರು ಹೇಳುವರು. ಅವನು ಮುಂದಕ್ಕೆ ಹೋಗುವನು. ಒಂದು ಸಂಜೆ ಹುಲುಗ ಎಂಬ ಮಣ್ಣು ಅಗೆಯುವವನು ಮಾತ್ರ ಆ ಮಾತನ್ನು ಹೇಳಲಿಲ್ಲ. ನೀರು ಹೊರಬಿಡುವ ತೂಬಿನ ಮಗ್ಗುಲಲ್ಲಿ ಮಣ್ಣು ಕೂತಿಲ್ಲ, ಬಡಿದು ಗಟ್ಟಿಮಾಡಿದ ದಮ್ಮಸ್ಸು ಸಾಲದು, ನೀರು ನಿಂತರೆ ಸೋರುತ್ತದೆ ಎಂದು ನೇರವಾಗಿ ಹೇಳಿಬಿಟ್ಟ. ಸುತ್ತ ನಿಂತವರು ಕಿವಿ ಮುಚ್ಚಿಕೊಂಡರು. ಮರುದಿನ ಹುಲುಗ ಜೇಡಿಮಣ್ಣಿನ ಗುಂಡಿಯಲ್ಲಿ ಅಗೆಯುತ್ತಿದ್ದಾಗ ಮೇಲಿನ ದಂಡೆ ಕುಸಿದು ಅವನನ್ನು ಮುಚ್ಚಿತು. ಎಳೆದು ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು.

ಕೇಡು ನುಡಿದವನನ್ನು ಏರಿ ಕರೆದುಕೊಂಡಿತು ಎಂಬ ಮಾತು ಅಂದೇ ಗುಡಿಸಲಿನಿಂದ ಗುಡಿಸಲಿಗೆ ಹಬ್ಬಿತು. ಗುಂಡಿಯ ದಂಡೆಯ ಬುಡವನ್ನು ಪೊಳ್ಳಾಗಿ ಅಗೆದಿದ್ದರಿಂದ ಮಣ್ಣು ಬಿತ್ತು ಎಂಬುದು ಪಾಲಯ್ಯನಿಗೆ ಗೊತ್ತಿತ್ತು. ಅವನು ಅದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಅಂಜಿದ ಜನ ತಕರಾರಿಲ್ಲದೆ ದುಡಿಯುತ್ತಿದ್ದರು, ಏರಿ ಬೇಗಬೇಗ ಮೇಲೇಳುತ್ತಿತ್ತು, ದೊರೆಗೆ ಸಂತೋಷವಾಗಿತ್ತು. ಅದೆಂಥ ಬುದ್ಧಿಯೋ! ಮಳೆ ಬಂತು, ನೀರು ನಿಂತಿತು, ಒಂದು ಮುಂಜಾನೆ ರಾಗಿ ಬೀಸುವ ಹೊತ್ತಿಗೆ ತೂಬಿನ ಮಗ್ಗುಲು ಬಾಯಿ ತೆರೆಯಿತು. ತಗ್ಗಿನ ಗುಡಿಸಲುಗಳಲ್ಲಿ ಹೆಚ್ಚಿನವು ಹೇಳಹೆಸರಿಲ್ಲದಂತೆ ಹೋದವು. ಪಾಲಯ್ಯನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಆ ನೀರಿನಲ್ಲಿ ಹೋದಳು. ಎಷ್ಟೋ ತಾಯಂದಿರು ಹಳ್ಳದ ಕೆಳಗೆ ಜಾಲಿಯ ಮುಳ್ಳಿನಲ್ಲಿ ಸಿಕ್ಕಿಕೊಂಡ ಬಟ್ಟೆ ನೋಡಿ ತಮ್ಮ ಕೂಸನ್ನು ಗುರುತು ಹಿಡಿದರಂತೆ. ಅಷ್ಟಾದ ಮೇಲೂ ಉಳಿದವರು ಆಡಿಕೊಂಡದ್ದೇನು ಗೊತ್ತೇ? ಯಾರೋ ಗುಟ್ಟಾಗಿ ಕೆಟ್ಟ ಮಾತು ಆಡಿರಬೇಕು, ಅದಕ್ಕೇ ಹೀಗಾಯಿತು ಎಂದು.

ಬರುವ ಮಳೆಗಾಲದೊಳಗೆ ಕೆರೆ ಮತ್ತೆ ನಿಲ್ಲಬೇಕೆಂದು ದೊರೆಯ ಅಪ್ಪಣೆಯಾಯಿತು. "ಈ ಸಲ ಒಡೆದರೆ ನಿನ್ನನ್ನೇ ಆ ಬಿರುಕಿಗೆ ಹೂಳುತ್ತೇನೆ ಕಣೋ" ಎಂದನಂತೆ. ಪಾಲಯ್ಯನಿಗೆ ಆ ಬೆದರಿಕೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಸಂಜೆಯ ಹೊತ್ತು ತಾನು ಕೇಳುವ ಉತ್ತರ. ಎಲ್ಲ ಶುಭ ಎಂದು ಜನ ಹೇಳುವರು. ಹೇಳುವಾಗ ಒಬ್ಬನ ಕಣ್ಣು ಏರಿಯ ಯಾವುದೋ ಮೂಲೆಯ ಕಡೆ ಹೊರಳುವುದು, ಇನ್ನೊಬ್ಬಳು ಸೆರಗನ್ನು ಹಲ್ಲಿನಲ್ಲಿ ಕಚ್ಚುವಳು. ಏನೋ ಇದೆ. ಎಲ್ಲಿದೆ ಎಂದು ಹೇಗೆ ತಿಳಿಯಬೇಕು? ಅವನೇ ಬಗ್ಗಿ ಬಗ್ಗಿ ನೋಡಿದ, ಹಾರೆ ಹಾಕಿ ಚುಚ್ಚಿದ. ಅಷ್ಟುದ್ದದ ಏರಿಗೆ ಒಬ್ಬನ ಎರಡು ಕಣ್ಣು ಯಾವ ಮೂಲೆಗೆ ಸಾಕಾಗಬೇಕು? ಕೆಳಗೆ ಮತ್ತೆ ಗುಡಿಸಲುಗಳೆದ್ದಿದ್ದವು, ಮತ್ತೆ ತೊಟ್ಟಿಲು ಕಟ್ಟಿದ್ದರು. ಮಕ್ಕಳ ಅಳು ಕೇಳಿದರೆ ಅವನು ಉಣ್ಣುವುದನ್ನು ಬಿಟ್ಟು ಮತ್ತೆ ಏರಿ ಹತ್ತುತ್ತಿದ್ದ ಎನ್ನುತ್ತಾರೆ.

ಕೊನೆಗೆ ಅವನು ಒಡೆದ ಏರಿಯ ಕಲ್ಲುಗಳನ್ನೇ ತರಿಸಿ, ಏರಿಗೆ ತಾಗದಂತೆ, ಈ ಬನ್ನಿಮರದ ಪಕ್ಕದಲ್ಲಿ ಕಟ್ಟೆ ಕಟ್ಟಿಸಿದ. ಜನರನ್ನೆಲ್ಲ ಸೇರಿಸಿದ. ತಾನು ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತ. "ಹುಲುಗನನ್ನು ಏರಿ ಕೊಲ್ಲಲಿಲ್ಲ, ಪೊಳ್ಳು ದಂಡೆ ಕೊಂದಿತು. ಅದನ್ನು ನಾನು ಅವತ್ತೇ ಹೇಳಬೇಕಿತ್ತು" ಎಂದ. ಜನ ಮಿಕಮಿಕ ನೋಡಿದರೇ ಹೊರತು ನಂಬಲಿಲ್ಲ. ಒಂದು ವರ್ಷ ಬೇರುಬಿಟ್ಟ ಭಯ ಒಂದು ಮಾತಿಗೆ ಕಿತ್ತುಬರುತ್ತದೆಯೇ? ಅವನಿಗೂ ಅದು ಅರ್ಥವಾಯಿತು. ಆಗ ಹೇಳಿದ: "ಆಯ್ತು, ಏರಿ ಮೇಲೆ ನೀವು ಕೆಟ್ಟ ಮಾತು ಆಡಬೇಡಿ. ಈ ಕಟ್ಟೆ ಏರಿಯಲ್ಲ. ನಿಮಗೆ ಅಂಜಿಕೆಯಾದದ್ದನ್ನು ಇಲ್ಲಿ ಹತ್ತಿ ನನಗೆ ಹೇಳಿ. ಅದನ್ನು ಏರಿ ಮೇಲೆ ನಿಂತು ನನ್ನ ಬಾಯಿಂದ ನಾನು ಕೂಗ್ತೀನಿ. ಏರಿ ಯಾರನ್ನಾದರೂ ಕರೆದುಕೊಳ್ಳೋದಾದರೆ ನನ್ನನ್ನೇ ಕರೆದುಕೊಳ್ಳಲಿ." ಇನ್ನೊಂದು ಮಾತು ತಿಳಿಯಬೇಕು, ಪಾಲಯ್ಯನೂ ಅದೇ ಕಟ್ಟಳೆಯಲ್ಲಿ ಹುಟ್ಟಿ ಬೆಳೆದವನು. ಹುಲುಗನ ಸಾವಿನ ಕಾರಣ ತಿಳಿದಿದ್ದರೂ, ಏರಿ ಕೇಳಿಸಿಕೊಳ್ಳುತ್ತದೆಯೋ ಏನೋ ಎಂಬ ದಿಗಿಲು ಅವನ ಎದೆಯೊಳಗೂ ಇತ್ತು.

ಬಹಳ ದಿನ ಯಾರೂ ಕಟ್ಟೆ ಹತ್ತಲಿಲ್ಲ. ಆಮೇಲೆ ಒಬ್ಬ ಮುದುಕ ಏದುಸಿರು ಬಿಡುತ್ತ ಹತ್ತಿ, ಬಡಗಣ ಗುಂಡಿಯ ಮಣ್ಣಿನಲ್ಲಿ ಮರಳು ಹೆಚ್ಚಾಗಿದೆ ಎಂದಷ್ಟೇ ಹೇಳಿ, ಇಳಿದು, ತಿರುಗಿ ನೋಡದೆ ಓಡಿದನಂತೆ. ಪಾಲಯ್ಯ ಏರಿಯ ನಡುಮಧ್ಯಕ್ಕೆ ನಡೆದ. ಬಡಗಣ ಗುಂಡಿಯಲ್ಲಿ ಮರಳಿದೆ, ಆ ಮಣ್ಣು ಹಾಕಿದರೆ ಏರಿ ಸೋರುತ್ತದೆ ಎಂದು ಎರಡೂ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದ. ಹೆಂಗಸರ ಕೈಯಿಂದ ಬುಟ್ಟಿ ಬಿದ್ದವು. ಅಂದು ದಿನವಿಡೀ ಯಾರೂ ಅವನ ಹತ್ತಿರ ಸುಳಿಯಲಿಲ್ಲ, ಆದರೆ ಎಲ್ಲರ ಕಣ್ಣೂ ಅವನ ಮೇಲೇ. ಕಲ್ಲು ಉರುಳಿದ ಸದ್ದಾದರೆ ಅವನು ಬೆಚ್ಚಿ ಪಕ್ಕಕ್ಕೆ ಸರಿಯುವನು. ಹೊತ್ತು ಮುಳುಗಿತು, ಅವನು ಬದುಕಿದ್ದ. ಆ ಗುಂಡಿ ಮುಚ್ಚಿಸಿ ಬೇರೆ ಕಡೆಯ ಜೇಡಿಮಣ್ಣು ತರಿಸಿದ. ಮರುದಿನ ಇನ್ನೊಬ್ಬ ಹತ್ತಿದ. ಬರುಬರುತ್ತ ಕಟ್ಟೆಯ ಮುಂದೆ ಸಂಜೆ ಜನ ನಿಲ್ಲತೊಡಗಿದರು. ಯಾರ ತಪ್ಪು ಎಂದು ಪಾಲಯ್ಯ ಎಂದೂ ಕೇಳಲಿಲ್ಲ. ಎಲ್ಲಿ ಎಂದು ಕೇಳುತ್ತಿದ್ದ, ಏನು ಮಾಡಿದರೆ ಸರಿಹೋಗುತ್ತದೆ ಎಂದು ಕೇಳುತ್ತಿದ್ದ, ಅಷ್ಟೇ. ಒಬ್ಬಳು ಮಾತ್ರ ಕಟ್ಟೆಯ ಹತ್ತಿರ ಬರಲಿಲ್ಲ. ಅವಳು ಹುಲುಗನ ಹೆಂಡತಿ ತಿಪ್ಪವ್ವ. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಪಾಲಯ್ಯನ ಮುಂದೆಯೇ ಹಾದುಹೋಗುವಳು, ಮುಖವೆತ್ತಿ ನೋಡಳು.

ಏರಿ ಮುಗಿಯಿತು. ಮಳೆ ಹಿಡಿದದ್ದು ಬಿಡಲಿಲ್ಲ. ಕೆರೆ ತುಂಬುತ್ತ ಬಂತು. ಬಾಗಿನ ಕೊಡಲು ದೊರೆ ಬಂಧುಬಳಗ ಕಟ್ಟಿಕೊಂಡು, ವಾಲಗ ಊದಿಸಿಕೊಂಡು, ಹಾಡುಹಗಲಲ್ಲೇ ದೀವಟಿಗೆ ಹಿಡಿಸಿಕೊಂಡು ಬಂದ. ಅಬ್ಬಾ, ಆ ಮೆರೆದಾಟವೇ! ಪಾಲಯ್ಯ ಕಟ್ಟೆಯ ಬಳಿ ನಿಂತು ತಲೆಗೆ ರುಮಾಲು ಸುತ್ತಿಕೊಳ್ಳುತ್ತಿದ್ದಾಗ ತಿಪ್ಪವ್ವ ಬಂದಳು. ಮೈಯೆಲ್ಲ ನೆನೆದಿತ್ತು. ಮೆಟ್ಟಿಲು ಹತ್ತಿ ಮೇಲೆ ನಿಂತು ಅಂಗೈ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಕೆಂಪು ಕೆಸರು. "ತೂಬಿನ ಬುಡದಾಗೆ ನೀರು ಬರ್ತಾ ಐತೆ. ತಿಳಿನೀರಲ್ಲ, ಕೆಂಪುನೀರು. ನನ್ನ ಗಂಡ ತೋರಿಸಿದ ಜಾಗಾನೇ" ಎಂದಳು. ತಿಳಿನೀರು ಜಿನುಗಿದರೆ ಏರಿಗೆ ಭಯವಿಲ್ಲ, ಕೆಂಪುನೀರು ಬಂದರೆ ನೀರು ಏರಿಯ ಮಣ್ಣನ್ನೇ ಒಳಗಿನಿಂದ ತಿನ್ನುತ್ತಿದೆ ಎಂದರ್ಥ. ಪಾಲಯ್ಯ ಏರಿಯ ಕಡೆ ನೋಡಿದ. ಅಲ್ಲಿ ದೊರೆ, ಮೊರದ ಬಾಗಿನ, ಕತ್ತಿ ಹಿಡಿದ ಆಳುಗಳು. ಇಂಥ ಮುಹೂರ್ತದಲ್ಲಿ ಇಂಥ ಮಾತು ಆಡಿದವನ ತಲೆ ಉಳಿಯುವುದುಂಟೇ? ಪೂಜೆ ಮುಗಿಯಲಿ, ಆಮೇಲೆ ಗುಟ್ಟಾಗಿ ನೋಡೋಣ ಎಂದು ಬಾಯಿಗೆ ಬಂತು. ತಿಪ್ಪವ್ವ ಇಳಿಯದೆ ಅವನನ್ನೇ ನೋಡುತ್ತ, "ನೀನು ಕೂಗ್ತೀನಿ ಅಂದಿದ್ದೆ ಅಣ್ಣಾ" ಎಂದಳು.

ಪಾಲಯ್ಯ ಹೋದ. ವಾಲಗದವರನ್ನು ದಾಟಿ, ದೊರೆಯ ಮುಂದೆಯೇ ನಿಂತು, "ತೂಬಿನ ಬುಡದಲ್ಲಿ ಏರಿ ಸೋರುತ್ತಿದೆ! ಕೆಂಪುನೀರು ಬರುತ್ತಿದೆ!" ಎಂದು ಕೂಗಿದ. ವಾಲಗ ನಿಂತಿತು. ದೊರೆಯ ಮುಖ ಕಪ್ಪಿಟ್ಟಿತು. "ಆ ಅನಿಷ್ಟದ ಬಾಯಿ ಮುಚ್ಚಿಸ್ರೋ!" ಎಂದ. ಆಳುಗಳು ಪಾಲಯ್ಯನನ್ನು ಕೆಡವಿ, ಅವನ ರುಮಾಲನ್ನೇ ಬಿಚ್ಚಿ ಬಾಯಿಗೆ ತುರುಕಿದರು. ಏರಿಯ ಉದ್ದಕ್ಕೂ ಸಾಲಾಗಿ ನಿಂತ ಜನಕ್ಕೆ ಕೆಳಗೆ ತಮ್ಮ ಗುಡಿಸಲುಗಳಿಂದ ಹೊಗೆ ಏಳುವುದು ಕಾಣುತ್ತಿತ್ತು. ಆಗ ತಿಪ್ಪವ್ವ ಏರಿಯ ಮೇಲೆ ಬಂದು ನಿಂತಳು. "ಏರಿ ಸೋರ್ತಾ ಐತೆ!" ಎಂದು ಕೂಗಿದಳು. ಅವಳ ಪಕ್ಕದವಳು, ಕಣ್ಣು ಮುಚ್ಚಿಕೊಂಡು, ಅದೇ ಮಾತನ್ನು ಕೂಗಿದಳು. ಅವಳ ಆಚೆಗೆ ಮರಳಿನ ಮಾತು ಹೇಳಿದ್ದ ಮುದುಕ. ಅಲ್ಲಿಂದಾಚೆಗೆ ಕೂಗು ಏರಿಯ ಈ ತುದಿಯಿಂದ ಆ ತುದಿಗೆ ಬಾಯಿಂದ ಬಾಯಿಗೆ ಹಾಯಿತು. ಯಾರೂ ಆಡಬಾರದಿದ್ದ ಮಾತನ್ನು ಎಲ್ಲರೂ ಆಡಿದರು. ಕರೆದುಕೊಳ್ಳುವುದಾದರೆ ಏರಿ ಈಗ ಯಾರನ್ನು ಕರೆದುಕೊಳ್ಳಬೇಕು? ಅಷ್ಟು ಬಾಯಿಗೆ ತುರುಕುವಷ್ಟು ರುಮಾಲನ್ನು ದೊರೆಯಾದರೂ ಎಲ್ಲಿಂದ ತರಬೇಕು? ಕಾಲ ಕೆಳಗಿನ ಮಣ್ಣು ಸೋರುತ್ತಿದೆ ಎಂದು ಅಷ್ಟು ಜನ ಒಟ್ಟಿಗೆ ಕೂಗಿದ್ದನ್ನು ಕೇಳಿ ಅವನೇ ಮೊದಲು ಏರಿಯಿಂದ ಇಳಿದು ಗುಡ್ಡದ ಕಡೆ ಓಡಿದನಂತೆ. ಈ ಮಾತು ಹೇಳುವಾಗ ನಮ್ಮಜ್ಜ ಬೊಚ್ಚುಬಾಯಿ ತುಂಬ ನಗುತ್ತಿದ್ದರು.

ಹಿಡಿದಿದ್ದ ಆಳುಗಳೂ ದೊರೆಯ ಹಿಂದೆ ಓಡಿದ್ದರಿಂದ ಪಾಲಯ್ಯ ಬಾಯಿಯ ಬಟ್ಟೆ ಕಿತ್ತೆಸೆದು ಎದ್ದ. ಮುಂದೆ ಅವನು ಹೆಚ್ಚು ಕೂಗಬೇಕಾಗಲಿಲ್ಲ, ಒಬ್ಬರಿಗೆ ಹೇಳಿದ್ದು ಕೊನೆಯವರೆಗೂ ಮುಟ್ಟುತ್ತಿತ್ತು. ಹೆಂಗಸರು ತೊಟ್ಟಿಲುಗಳನ್ನು ಹೊತ್ತು ದೊರೆಯ ಹುಲ್ಲುಗಾವಲಿಗೇ ಹತ್ತಿದರು. ತೂಬು ಬಿಚ್ಚಿದರು, ಕೋಡಿಯನ್ನು ಕಡಿದು ತಗ್ಗಿಸಿ ನೀರು ಹೊರಗೆ ಬಿಟ್ಟರು, ಏರಿಯ ಒಳಮೈಗೂ ಸೋರುವ ಬುಡಕ್ಕೂ ಕಲ್ಲು, ಜೇಡಿಮಣ್ಣು, ಹುಲ್ಲಿನ ಹೊರೆ ಕೈಗೆ ಸಿಕ್ಕಿದ್ದೆಲ್ಲ ತುಂಬಿದರು. ಒಂದು ಹೊತ್ತಿನಲ್ಲಿ ಏರಿ ಕಾಲ ಕೆಳಗೆ ಅದುರಿದ್ದು ಎಲ್ಲರಿಗೂ ತಿಳಿಯಿತು, ಆದರೆ ಬುಟ್ಟಿ ಬಿಸಾಕಿ ಓಡಿದವರಿಲ್ಲ. ಸಂಜೆಯಾಗುವ ಹೊತ್ತಿಗೆ ತೂಬಿನ ಬುಡದ ನೀರು ತಿಳಿಯಾಗಿತ್ತು. ಪಾಲಯ್ಯ ಕಟ್ಟೆಗೆ ಒರಗಿ ಕುಳಿತು ಮಗುವಿನಂತೆ ಅತ್ತ. ಒಂದು ಕೂಸೂ ಹೋಗಿರಲಿಲ್ಲ. ತಿಪ್ಪವ್ವ ಅವನ ಮುಂದೆ ಬಂದು ನಿಂತು, "ನನ್ನ ಗಂಡನೂ ಇದೇ ಮಾತು ಹೇಳಿದ್ದ ಅಣ್ಣಾ. ಅವತ್ತು ಒಬ್ಬರು, ಒಬ್ಬರೇ ಒಬ್ಬರು ಅವನ ಜೊತೆ ಕೂಗಿದ್ದರೆ?" ಎಂದು ಕೇಳಿದಳಂತೆ.

ಇಂದಿಗೂ ಬಂದವರಿಗೆ ತೂಬಿನ ಬುಡದಲ್ಲಿ ಏರಿಯ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ, ಅದು ಅವತ್ತು ತುಂಬಿದ ಕಲ್ಲು. ಅಲ್ಲಿ ಈಗಲೂ ಸಣ್ಣಗೆ ನೀರು ಜಿನುಗುತ್ತದೆ, ಕೆರೆಯ ನೀರು ನೋಡಿಕೊಳ್ಳುವ ನಮ್ಮ ನೀರಗಂಟಿ ದಿನವೂ ಬೊಗಸೆಯಲ್ಲಿ ಹಿಡಿದು ತಿಳಿಯಾಗಿದೆಯೇ ಎಂದು ನೋಡುತ್ತಾನೆ. ಬಂದವರಿಗೆ ದಿಗಿಲು ಹುಟ್ಟಿಸುವುದು ಇನ್ನೊಂದಿದೆ. ಹೋದ ತಿಂಗಳು ಪೇಟೆಯ ಹೆಣ್ಣುಮಗಳೊಬ್ಬಳು ಏರಿಯ ಮೇಲೆ ಹಾವು ಕಂಡು "ಹಾವು, ಹಾವು!" ಎಂದು ಚೀರಿಕೊಂಡಳು. ಬಟ್ಟೆ ಒಗೆಯುತ್ತಿದ್ದವರು, ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು, ಎಮ್ಮೆ ಮೇಯಿಸುತ್ತಿದ್ದವರು ಎಲ್ಲರೂ ಕೂಡಲೇ ಅವಳ ಕೂಗನ್ನೇ ಕೂಗಿದರು. ಕೆರೆಯ ಸುತ್ತಲಿಂದ ತನ್ನ ಮಾತೇ ಎದ್ದು ಬಂದದ್ದನ್ನು ಕೇಳಿ ಆ ಹುಡುಗಿ ಹಾವನ್ನು ಮರೆತು ನನ್ನ ಕೈ ಹಿಡಿದುಕೊಂಡಳು, ಯಾಕಜ್ಜಾ ಎಲ್ಲರೂ ಹೀಗೆ ಕೂಗುತ್ತಾರೆ ಎಂದು ಕೇಳಿದಳು. ಏನಿಲ್ಲ ತಾಯಿ, ಈ ಏರಿಯ ಮೇಲೆ ಯಾರೇ ಅಂಜಿ ಕೂಗಿದರೂ ನಾವು ಮೊದಲು ಜೊತೆಗೆ ಕೂಗುತ್ತೇವೆ, ಯಾಕೆಂದು ಆಮೇಲೆ ಕೇಳುತ್ತೇವೆ ಎಂದೆ.